ಇರಲಿ ಬಿಡಿ, ಬೇಕಾಗುತ್ತೆ

ನಮ್ಮ ಅಡುಗೆಮನೆಗಳಲ್ಲಿ ಡಬ್ಬದ ಮೇಲೆ ಬರೆದದ್ದನ್ನು ನಂಬಿ ಕೈಹಾಕಿದವನು ಕೆಟ್ಟ. ಹಾರ್ಲಿಕ್ಸ್ ಬಾಟಲಿಯಲ್ಲಿ ಹುರಿಗಡಲೆ ಇರುತ್ತದೆ. ಬೋರ್ನ್‌ವಿಟಾ ಡಬ್ಬದಲ್ಲಿ ಸಾರಿನ ಪುಡಿ. ದುಬೈನಿಂದ ಯಾರೋ ತಂದುಕೊಟ್ಟ ನೀಲಿ ಬಿಸ್ಕತ್ತಿನ ಡಬ್ಬದಲ್ಲಿ ಸೂಜಿ, ದಾರ, ಹುಕ್ಕು, ಜೊತೆ ಕಳೆದುಕೊಂಡ ಗುಂಡಿಗಳು. ಫ್ರಿಜ್ಜಿನಲ್ಲಿ ಐಸ್‌ಕ್ರೀಮ್ ಡಬ್ಬಿ ಕಂಡು ಬಾಯಲ್ಲಿ ನೀರೂರಿಸಿಕೊಂಡ ಮಗು ಮುಚ್ಚಳ ತೆಗೆದರೆ ನಿನ್ನೆ ಉಳಿದ ಹುರುಳಿ ಬಸ್ಸಾರು. ಯಾರನ್ನೂ ಸುಲಭಕ್ಕೆ ನಂಬಬಾರದೆಂಬ ಪಾಠ ನಮ್ಮ ಮಕ್ಕಳಿಗೆ ಮೊದಲು ಸಿಗುವುದೇ ಫ್ರಿಜ್ಜಿನ ಎರಡನೇ ಅರೆಯಲ್ಲಿ.

ಡಾಲ್ಡಾ ಮಾರುಕಟ್ಟೆಗೆ ಬಂದದ್ದು 1937ರಲ್ಲಿ. ಆ ಹಳದಿ ಡಬ್ಬದೊಳಗೆ ಡಾಲ್ಡಾ ಇರುತ್ತಿದ್ದದ್ದು ಹೆಚ್ಚೆಂದರೆ ಒಂದು ಹಬ್ಬದ ಸೀಸನ್ನು. ಆಮೇಲೆ ಅದರ ನಿಜವಾದ ಬದುಕು ಶುರು. ಮೊದಲು ತೊಗರಿಬೇಳೆ, ಆಮೇಲೆ ರಾಗಿಹಿಟ್ಟು, ಮುಚ್ಚಳ ಸಡಿಲವಾದ ಮೇಲೆ ಬಚ್ಚಲುಮನೆಯಲ್ಲಿ ಸೀಗೆಪುಡಿ, ತಳ ತುಕ್ಕು ಹಿಡಿದ ಮೇಲೆ ಅಂಗಳದಲ್ಲಿ ತುಳಸಿಗಿಡ. ಕೊನೆಗೆ ತುಳಸಿಯ ಬೇರೇ ಅದನ್ನು ಒಡೆದುಕೊಂಡು ಹೊರಬರಬೇಕು. ಅಲ್ಲಿಯವರೆಗೆ ಯಾರಾದರೂ ಎಸೆಯಲು ಕೈ ಎತ್ತಿದರೆ ಒಳಗಿನಿಂದ ಒಂದು ದನಿ ಬರುತ್ತದೆ: 'ಇರಲಿ ಬಿಡಿ, ಯಾವುದಕ್ಕಾದ್ರೂ ಬೇಕಾಗುತ್ತೆ.' ಈ ದನಿಯ ಮೇಲೆ ಅಪೀಲಿಲ್ಲ.

ಹೀಗೆ ತುಂಬಿಕೊಂಡ ಮನೆಯಲ್ಲಿ ಏನಾದರೂ ಸಿಗುತ್ತದೆಯೇ ಎಂದು ಕೇಳಬೇಡಿ. ಎಲ್ಲವೂ ಸಿಗುತ್ತದೆ, ಒಬ್ಬರಿಗೆ ಮಾತ್ರ. ಆ ಒಬ್ಬರು ತವರಿಗೆ ಹೋದಾಗ ನಡೆಯುವ ಫೋನ್ ಸಂಭಾಷಣೆ ಕೇಳಿ.

'ಜೀರಿಗೆ ಎಲ್ಲಿದೆ?'

'ಬೋರ್ನ್‌ವಿಟಾ ಡಬ್ಬದ ಹಿಂದೆ.'

'ಅಲ್ಲಿ ಬೋರ್ನ್‌ವಿಟಾನೇ ಇಲ್ವಲ್ಲ!'

'ಬೋರ್ನ್‌ವಿಟಾ ಯಾಕಿರುತ್ತೆ? ಸಾರಿನಪುಡಿ ಇದೆಯಲ್ಲಾ, ಅದೇ ಬೋರ್ನ್‌ವಿಟಾ ಡಬ್ಬ. ಅದರ ಹಿಂದೆ ಉದ್ದ ಸ್ಟೀಲ್ ಡಬ್ಬಿ, ನಿಮ್ಮ ಸೋದರತ್ತೆ ಹೆಸರು ಕೊರೆಸಿದ್ದು. ಅದರಲ್ಲಿ ಸೋಂಪು. ಅದನ್ನ ಮುಟ್ಟಬೇಡಿ. ಅದರ ಪಕ್ಕದ್ದು.'

ಸೋದರತ್ತೆ ಹೆಸರಿನ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಇಡೀ ಅಡುಗೆಮನೆಯಲ್ಲಿ ಸತ್ಯ ನುಡಿಯುವ ಬರಹ ಅದೊಂದೇ. ಪಾತ್ರೆ ಅಂಗಡಿಯವನು ಕಿರ್ರೆಂದು ಮೆಷಿನ್ನು ಹಿಡಿದು ಕೊಟ್ಟವರ ಹೆಸರು, ಮದುವೆಯ ತಾರೀಖು ಕೊರೆದುಕೊಟ್ಟಿರುತ್ತಾನೆ. ಒಳಗೇನಿದೆ ಎಂದು ಆ ಡಬ್ಬಿ ಹೇಳುವುದಿಲ್ಲ. ಯಾರು ಎಷ್ಟು ಸಣ್ಣ ಡಬ್ಬಿ ಕೊಟ್ಟು ಊಟ ಮಾಡಿಕೊಂಡು ಹೋದರು ಎಂಬುದನ್ನು ಮಾತ್ರ ತಲೆತಲಾಂತರಕ್ಕೂ ಮರೆಯಗೊಡುವುದಿಲ್ಲ.

ಇಂಥ ಸಂಸಾರಗಳ ನಡುವೆ ಜಪಾನಿನ ಮೇರಿ ಕೊಂಡೊ ಅಮ್ಮನವರು ಬಂದರು. ಮನೆ ಒಪ್ಪ ಮಾಡುವುದರ ಬಗ್ಗೆ ಅವರು ಬರೆದ ಪುಸ್ತಕ ಇಂಗ್ಲಿಷಿಗೆ ಬಂದದ್ದು 2014ರಲ್ಲಿ, ನೆಟ್‌ಫ್ಲಿಕ್ಸಿನಲ್ಲಿ ಕಾರ್ಯಕ್ರಮ ಬಂದದ್ದು 2019ರ ಜನವರಿಯಲ್ಲಿ. ಒಂದೊಂದು ವಸ್ತುವನ್ನೂ ಕೈಯಲ್ಲಿ ಹಿಡಿದು ಇದು ಮನಸ್ಸಿಗೆ ಸಂತೋಷ ಕೊಡುತ್ತದೆಯೇ ಎಂದು ಕೇಳಿಕೊಳ್ಳಬೇಕು, ಕೊಡದಿದ್ದರೆ ಅದಕ್ಕೊಂದು ಥ್ಯಾಂಕ್ಸ್ ಹೇಳಿ ಕಳಿಸಿಬಿಡಬೇಕು. ಬಹಳ ಒಳ್ಳೆಯ ಸೂತ್ರ. ಆದರೆ ನಮ್ಮಲ್ಲಿ ಇಡ್ಲಿ ಕುಕ್ಕರಿನ ಹಳೆಯ ಗ್ಯಾಸ್ಕೆಟ್ಟನ್ನು ಕೈಯಲ್ಲಿ ಹಿಡಿದು ಸಂತೋಷವಾಯಿತೇ ಎಂದು ಕೇಳಿದರೆ, 'ಸಂತೋಷ ಕಟ್ಟಿಕೊಂಡು ಏನು ಮಾಡ್ಲಿ, ಹೊಸದು ಹರಿದರೆ ಇದೇ ಗತಿ' ಎಂಬ ಉತ್ತರ ಬರುತ್ತದೆ. ಹೊಸದು ಹರಿಯುತ್ತದೆ, ಇನ್ನೊಂದು ಹೊಸದು ಬರುತ್ತದೆ, ಹಳೆಯವು ಎರಡಾಗುತ್ತವೆ.

ಅದೇ 2019ರ ನವೆಂಬರಿನಲ್ಲಿ ಅದೇ ಅಮ್ಮನವರು ಸಾಮಾನು ಮಾರುವ ಆನ್‌ಲೈನ್ ಅಂಗಡಿ ತೆರೆದರು. ಮೂರನೇ ಮಗುವಾದ ಮೇಲೆ ಮನೆ ಒಪ್ಪವಾಗಿಡುವ ಹಟವನ್ನು ಒಂದು ಮಟ್ಟಿಗೆ ಕೈಬಿಟ್ಟಿದ್ದೇನೆ ಎಂದು 2023ರಲ್ಲಿ ಅವರೇ ಹೇಳಿಕೊಂಡರು. ಆ ಸುದ್ದಿ ಬಂದ ದಿನ ನಮ್ಮ ಬೀದಿಯಲ್ಲಿ ಬಿಡುಗಡೆಯಾದ ನಿಟ್ಟುಸಿರಿಗೆ ಲೆಕ್ಕವಿಲ್ಲ. ನನಗೆ ಆಕೆಯ ಮೇಲೆ ಗೌರವ ಹುಟ್ಟಿದ್ದು ಆಗಲೇ.

ಆದರೂ ಆಕೆಯ ಪ್ರಭಾವ ಹೋಗಿಲ್ಲ. ಈಗಿನ ಫ್ಲಾಟುಗಳಲ್ಲಿ ಒಪ್ಪ ಮಾಡುವುದೆಂದರೆ ಮೊದಲು ಖರೀದಿ. ಒಂದೇ ಅಳತೆಯ ಪಾರದರ್ಶಕ ಡಬ್ಬಗಳು ಆನ್‌ಲೈನಿನಲ್ಲಿ ಬರುತ್ತವೆ. ಅವು ಬಂದ ರಟ್ಟಿನ ಪೆಟ್ಟಿಗೆ ಗಟ್ಟಿಮುಟ್ಟಾಗಿದೆ, ಇರಲಿ ಬಿಡಿ. ಒಳಗಿನ ಗುಳ್ಳೆ ಪ್ಲಾಸ್ಟಿಕ್ಕೂ ಇರಲಿ, ಮಕ್ಕಳು ಚಟಪಟ ಒಡೆಯಲಿ. ಹಳೆಯ ಡಬ್ಬಗಳನ್ನು ಎಸೆಯುವುದುಂಟೇ? ಅಟ್ಟಕ್ಕೆ. ಸಾಮಾನು ಕಡಿಮೆ ಮಾಡಲು ಹೊರಟ ಮನೆಗೆ ಒಂದೇ ವಾರದಲ್ಲಿ ಎರಡರಷ್ಟು ಸಾಮಾನು. ಹೊಸ ಡಬ್ಬಕ್ಕೆ ಅಂದದ ಅಕ್ಷರದಲ್ಲಿ 'ಚಿರೋಟಿ ರವೆ' ಎಂದು ಚೀಟಿಯೂ ಅಂಟುತ್ತದೆ. ಮುಂದಿನ ತಿಂಗಳು ಚಿರೋಟಿ ರವೆ ಮುಗಿದು ಅದರಲ್ಲಿ ಗಸಗಸೆ ಬೀಳುತ್ತದೆ. ಚೀಟಿ ಬದಲಾಗುವುದಿಲ್ಲ. ಅಲ್ಲಿಗೆ ಪಾರದರ್ಶಕ ಡಬ್ಬಕ್ಕೂ ನಮ್ಮ ನೀರು ಹತ್ತಿತು.

ಕೈಕೆಲಸದ ಕಥೆಯೂ ಇದೇ. ಶಾಲೆಯಲ್ಲಿ 'ಬೆಸ್ಟ್ ಔಟ್ ಆಫ್ ವೇಸ್ಟ್' ಪ್ರಾಜೆಕ್ಟ್ ಎಂದರೆ ಕಸದಿಂದ ರಸ ತೆಗೆಯಬೇಕು. ರಾತ್ರಿ ಒಂಬತ್ತಕ್ಕೆ ಮಗು ಅದನ್ನು ಜ್ಞಾಪಿಸಿಕೊಳ್ಳುತ್ತದೆ. ಇಡೀ ವರ್ಷ ಕೂಡಿಟ್ಟ ಮನೆಯಲ್ಲಿ ಆ ಹೊತ್ತಿಗೆ ಬೇಕಾದ ಬಾಟಲಿಯೊಂದು ಇರುವುದಿಲ್ಲ. ಅಪ್ಪ ಓಡಿಹೋಗಿ ತುಂಬಿದ ತಂಪುಪಾನೀಯದ ಬಾಟಲಿ ಕೊಂಡು ತಂದು, ಎಲ್ಲರಿಗೂ ಬಲವಂತವಾಗಿ ಕುಡಿಸಿ, ಕಸ ತಯಾರಿಸುತ್ತಾನೆ. ಅದಕ್ಕೆ ಬಣ್ಣ, ಫೆವಿಕಾಲ್, ಮಿನುಗು ಬಳಿದು ಅಮ್ಮ ಹನ್ನೆರಡರವರೆಗೆ ಪೆನ್ ಸ್ಟ್ಯಾಂಡ್ ಮಾಡುತ್ತಾಳೆ. ಮಗು ನಿದ್ದೆ ಹೋಗಿರುತ್ತದೆ. ಬಹುಮಾನ ಮಾತ್ರ ಮಗುವಿಗೆ.

ಹಿಂದಿನವರ ಕೈಕೆಲಸಕ್ಕೆ ಇಷ್ಟು ಗಡಿಬಿಡಿಯಿರಲಿಲ್ಲ. ಮಣಿಯಲ್ಲಿ ಹೆಣೆದ ಗಿಳಿ, ಕ್ರೋಶಾದ ಟೀವಿ ಮುಸುಕು, ಪ್ಲಾಸ್ಟಿಕ್ ವೈರಿನ ಬುಟ್ಟಿ. ಆ ವೈರ್ ಬುಟ್ಟಿಯನ್ನು ಹಿಡಿದು ಸಂತೆಗೆ ಹೋಗಲು ನಾಚಿದ ಹುಡುಗಿಯರೇ ಈಗ ಅದನ್ನು ಕರಕುಶಲ ಮೇಳದಲ್ಲಿ ಕೇಳಿದಷ್ಟು ದುಡ್ಡು ಕೊಟ್ಟು ತರುತ್ತಿದ್ದಾರೆ. ಹಳೆಯ ಸೀರೆಗಳ ಮಾತಂತೂ ಬಿಡಿ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಹೆಂಗಸರು ಹಳೆಬಟ್ಟೆಯ ತುಂಡುಗಳನ್ನು ಸೀರೆಯ ಮೇಲೆ ಜೋಡಿಸಿ ಕೌದಿ ಹೊಲಿಯುತ್ತಾರೆ. ಅಂಚಿನಿಂದ ಶುರುಮಾಡಿ, ಸುತ್ತು ಸುತ್ತಾಗಿ ನಡುವಿಗೆ ಬರುವ ಹೊಲಿಗೆ. ನಾಲ್ಕೂ ಮೂಲೆಗೆ ಮಡಚಿದ ಬಟ್ಟೆಯ ತ್ರಿಕೋನ ಹೂವುಗಳು, ಅವಿಲ್ಲದಿದ್ದರೆ ಕೌದಿ ಮುಗಿದಂತೆಯೇ ಅಲ್ಲ. ಈ ಕೌದಿಗಳು ಅಮೆರಿಕದಲ್ಲೂ ಪ್ರದರ್ಶನಗೊಂಡಿವೆ. ಅಳತೆಪಟ್ಟಿಯಿಲ್ಲ, ಪೇಪರಿನ ಮೇಲೆ ಡಿಸೈನಿಲ್ಲ, ಯಾರ ಮಗನ ಹರಿದ ಅಂಗಿ ಮೊದಲು ಕೈಗೆ ಸಿಕ್ಕಿತೋ ಅದೇ ಬಣ್ಣ. 'ಬೇಕಾಗುತ್ತೆ' ಅಂದವರ ಮಾತು ನಿಜವಾಗುವುದು ಇಂಥ ಕಡೆ. ನಾವು ಅದೇ ಮಾತು ಹೇಳಿ ಗಂಟು ಕಟ್ಟಿ ಅಟ್ಟಕ್ಕೆ ಎಸೆಯುತ್ತೇವೆ, ಅವರು ಕೂತು ಹೊಲಿಯುತ್ತಾರೆ.

ಬೀರುವಿನೊಳಗೆ ಇನ್ನೊಂದು ಉಪಾಯವಿದೆ, ಅದಕ್ಕೆ ಒಂದು ಪೈಸೆ ಖರ್ಚಿಲ್ಲ. ಮೈಸೂರು ಸ್ಯಾಂಡಲ್ ಸೋಪಿನ ಖಾಲಿ ಪೆಟ್ಟಿಗೆ. ಒಡವೆಯ ಡಬ್ಬಿಯ ಗತ್ತಿನ ಆ ರಟ್ಟು, ಅದರ ಮೇಲೆ ಸಿಂಹದ ಮೈಗೆ ಆನೆಯ ತಲೆಯ ಶರಭ. ಸೋಪು ತಿಂಗಳಲ್ಲಿ ಕರಗುತ್ತದೆ, ಪೆಟ್ಟಿಗೆ ರೇಷ್ಮೆ ಸೀರೆಗಳ ನಡುವೆ ವರ್ಷಗಟ್ಟಲೆ ಕೂತಿರುತ್ತದೆ. ಮದುವೆಮನೆಯಲ್ಲಿ ಸೀರೆ ಸರಬರ ಎಂದಾಗ ಬರುವ ಗಂಧದ ವಾಸನೆಗೆ ಮೂಲ ಇದೇ ಹೊರತು ವಿದೇಶಿ ಸೆಂಟಲ್ಲ.

ಮನೆ ಜೋಡಿಸುವ ಕಲೆಯ ಶಿಖರ ಮಾತ್ರ ಸಾಸಿವೆ ಡಬ್ಬಿ. ಸಂತೆಯಲ್ಲಿ ಉಳಿಸಿದ್ದು, ಹಾಲಿನ ಲೆಕ್ಕದಲ್ಲಿ ಸರಿಸಿದ್ದು, ಗಂಡನ ಜೇಬಿನಲ್ಲಿ 'ಸಿಕ್ಕಿದ್ದು' ಎಲ್ಲ ಅಲ್ಲೇ ಸಾಸಿವೆಯ ಕೆಳಗೆ. 2016ರ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟುಗಳಿಗೆ ಬೆಲೆಯಿಲ್ಲವೆಂದು ಟೀವಿ ಹೇಳಿತು ನೋಡಿ, ಆಗ ಎಷ್ಟೋ ಮನೆಗಳ ಸಾಸಿವೆ ಡಬ್ಬಿಗಳು ಊಟದ ಮೇಜಿನ ಮೇಲೆ ಬೋರಲು ಬಿದ್ದವು. ಅದೇ ಅಡುಗೆಮನೆಯಲ್ಲಿ ದಿನಾ ಒಗ್ಗರಣೆಯ ಘಮಕ್ಕೆ ಮೂಗರಳಿಸಿದ ಗಂಡಂದಿರು, ತಮಗಿಂತ ಶ್ರೀಮಂತರೊಬ್ಬರು ಮನೆಯಲ್ಲಿದ್ದದ್ದನ್ನು ಅಂದು ತಿಳಿದರು. ಬ್ಯಾಂಕಿನ ಸಾಲಿನಲ್ಲಿ ನಿಂತವರ ನೋಟುಗಳಿಂದ ಸಾಸಿವೆ ಕಾಳು ಉದುರುತ್ತಿದ್ದವಂತೆ. ಇದು ನಾನು ಕೇಳಿದ ಮಾತು, ಉತ್ಪ್ರೇಕ್ಷೆಯಿದ್ದರೆ ಅದು ಹೇಳಿದವರ ಪಾಲಿಗೆ.

ಬಚ್ಚಿಡುವ ವಿದ್ಯೆ ಇಷ್ಟು ಬೆಳೆದದ್ದಕ್ಕೆ ದುಡ್ಡು ಕಾರಣವಲ್ಲ, ತಿಂಡಿ. ಮನೆಯಲ್ಲಿ ಮಾಡಿದ ನಿಪ್ಪಟ್ಟು ಸಂಜೆಯವರೆಗೂ ಉಳಿಯಬೇಕಲ್ಲ! ನಿಪ್ಪಟ್ಟು ತಟ್ಟುವುದೇ ನೋಡಲು ಚೆನ್ನ. ಕತ್ತರಿಸಿ, ತೊಳೆದು, ನಲ್ಲಿಯ ಮೇಲೆ ಒಣಹಾಕಿದ್ದ ನಂದಿನಿ ಹಾಲಿನ ಕವರಿಗೆ ಇಷ್ಟು ಎಣ್ಣೆ ಸವರಿ, ನಿಂಬೆಗಾತ್ರದ ಉಂಡೆಯಿಟ್ಟು, ಮೂರು ಬೆರಳಲ್ಲಿ ತಟ್ಟುತ್ತ ಕವರನ್ನೇ ತಿರುಗಿಸುತ್ತ ಹೋಗಬೇಕು. ಉಬ್ಬದಂತೆ ಫೋರ್ಕಿನಲ್ಲಿ ನಾಲ್ಕು ಚುಚ್ಚು. ಕವರು ಮಗುಚಿದರೆ ನಿಪ್ಪಟ್ಟು ಅಂಗೈಗೆ ಜಾರುತ್ತದೆ. ಸಾವಿರ ರೂಪಾಯಿಯ ಬೇಕಿಂಗ್ ಶೀಟು ತಂದವರೂ ಎರಡನೇ ಸಲಕ್ಕೆ ಹಾಲಿನ ಕವರಿಗೇ ಮರಳಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಒಲೆ ಹಚ್ಚುವುದೂ ಬೇಡ ಎನ್ನುವವರಿಗೆ ಹುಣಸೆ ಚಿಗಳಿ ಇದೆ. ಒಂದು ಬಟ್ಟಲು ಹುಣಸೆಹಣ್ಣು, ಬೀಜ ನಾರು ತೆಗೆದದ್ದು. ಅದರಷ್ಟೇ ಬೆಲ್ಲ, ಎರಡು ಚಮಚ ಜೀರಿಗೆ, ಮೂರು ಒಣಮೆಣಸಿನಕಾಯಿ, ಉಪ್ಪು. ಮೆಣಸಿನಕಾಯಿ, ಜೀರಿಗೆ, ಉಪ್ಪು ಮೊದಲು ಕುಟ್ಟಾಣಿಯಲ್ಲಿ ತರಿಯಾಗಲಿ, ಆಮೇಲೆ ಹುಣಸೆ, ಕೊನೆಗೆ ಬೆಲ್ಲ. ನೀರು ತಾಗಿಸಬೇಡಿ, ಬೂಸಲು ಬರುತ್ತದೆ. ಮಿಕ್ಸಿಗೆ ಹಾಕಿದರೆ ಬ್ಲೇಡಿಗೆ ಅಂಟಿ ಮೋಟಾರು ಕೂಗುತ್ತದೆ, ಕುಟ್ಟುವುದೇ ವಾಸಿ. ಉಂಡೆ ಕಟ್ಟಿ ತೆಂಗಿನಗರಿಯ ಕಡ್ಡಿ ಚುಚ್ಚಿ. ಕಡ್ಡಿ ಹೊಸ ಪೊರಕೆಯದಾಗಿರಲಿ, ಇದನ್ನು ಹೇಳಲೇಬೇಕಾಗಿದೆ.

ಇನ್ನು ಇದನ್ನು ಎಲ್ಲಿಡುವುದು ಎಂಬ ಪ್ರಶ್ನೆ. ಗಾಜಿನ ಬಾಟಲಿಯಲ್ಲಿ ಇಡಬೇಡಿ, ಕಾಣುತ್ತದೆ. ಅಟ್ಟದಲ್ಲಿ ಖಾಲಿ ಬಿದ್ದಿರುವ ಡಬ್ಬವೊಂದನ್ನು ಇಳಿಸಿ, ಚಿಗಳಿ ತುಂಬಿ, ಮೇಲೆ ದಪ್ಪ ಅಕ್ಷರದಲ್ಲಿ 'ಮೆಂತ್ಯ' ಎಂದು ಬರೆದು ಅಂಟಿಸಿ. ಮೆಂತ್ಯದ ಡಬ್ಬವನ್ನು ಮಕ್ಕಳೂ ತೆಗೆಯುವುದಿಲ್ಲ, ಮಕ್ಕಳ ಅಪ್ಪನೂ ತೆಗೆಯುವುದಿಲ್ಲ. ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆಯಿದ್ದು ದಿನಾ ಮೆಂತ್ಯ ನೆನೆಹಾಕುವ ಅಭ್ಯಾಸವಿದ್ದರೆ ಮಾತ್ರ 'ಅಳಲೆಕಾಯಿ' ಎಂದು ಬರೆಯಿರಿ.