ಮತ್ತಿಗೋಡು ಆನೆ ಶಿಬಿರದ ಅಭಿಮನ್ಯು ಅವರಿಗೊಂದು ಬಹಿರಂಗ ಪತ್ರ

ಮಾನ್ಯ ಶ್ರೀ ಅಭಿಮನ್ಯು ಅವರಿಗೆ,

ಇಷ್ಟು ಹೊತ್ತಿಗೆ ತಾವು ಮೈಮೇಲಿನ ಬಣ್ಣವನ್ನೆಲ್ಲ ತೊಳೆಸಿಕೊಂಡು, ಮತ್ತಿಗೋಡಿನಲ್ಲಿ ಸೊಪ್ಪು ಮುರಿಯುತ್ತಾ ಆರಾಮಾಗಿದ್ದೀರಿ ಎಂದು ಭಾವಿಸಲಾಗಿದೆ. ಈ ಪತ್ರ ಯೋಗಕ್ಷೇಮ ವಿಚಾರಿಸಲು ಬರೆದದ್ದಲ್ಲ. 2025ರ ದಸರೆಗೆ ತಮ್ಮಂತೆಯೇ ಹೊರಗಿನಿಂದ ಮೈಸೂರಿಗೆ ಬಂದು, ತಿಂದು, ಸುತ್ತಾಡಿ, ವಾಪಸಾದ ಬೆಂಗಳೂರಿನ ಒಂದು ಜೋಡಿಯ ಮೇಲೆ ದೂರು ಕೊಡಲು ಬರೆದದ್ದು. ಕಚೇರಿಗಳಿಗೇ ಕೊಡಬಹುದಿತ್ತು. ಆದರೆ ಅಷ್ಟೆಲ್ಲ ಗಲಾಟೆಯ ನಡುವೆ ತಲೆ ಕೆಡಿಸಿಕೊಳ್ಳದೆ ಅಂಬಾರಿ ಹೊತ್ತು ತಮ್ಮ ಪಾಲಿನ ಕೆಲಸ ಮುಗಿಸಿದ ಹಿರಿಯರು ತಾವೊಬ್ಬರೇ ಎಂಬುದು ಊರಿನವರ ಅಭಿಪ್ರಾಯ.

ಜೋಡಿಯ ಹೆಸರು ಬೇಡ. ಹೆಸರು ಕೂಗಿದರೆ ಎಕ್ಸ್‌ಪ್ರೆಸ್‌ವೇಯಲ್ಲಿದ್ದ ಅರ್ಧ ಕಾರುಗಳು ಬ್ರೇಕ್ ಹಾಕಿಯಾವು. ಗಂಡ ಐವತ್ತು ದಾಟಿದ ಸಾಫ್ಟ್‌ವೇರ್ ಮ್ಯಾನೇಜರು. ಇಲ್ಲಿ ಯಜಮಾನರು ಎಂದರೆ ಸಾಕು. ಹೆಂಡತಿ ಕಾಲೇಜಿನಲ್ಲಿ ಲೆಕ್ಕ ಹೇಳಿಕೊಡುವ ಮೇಡಂ. ಮಕ್ಕಳು ಓದಲು ಹೊರಗೆ ಹೋದ ಮೇಲೆ ಇಬ್ಬರೇ ಎಲ್ಲಿಗಾದರೂ ಹೋಗಬೇಕು ಎಂಬುದು ಮೇಡಂ ಆಸೆ. ಎಲ್ಲಿಗೆ ಹೋದರೂ ಬೇಗ ಹೋಗಬೇಕು ಎಂಬುದು ಯಜಮಾನರದು.

ಬೇಗ ಹೋಗುವುದಕ್ಕೆ ಈಗ ದಾರಿಯಿದೆ. ಸುಮಾರು 118 ಕಿಲೋಮೀಟರಿನ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದಾಗ, ಮೂರು ಗಂಟೆಯ ಪ್ರಯಾಣ 75 ನಿಮಿಷಕ್ಕಿಳಿಯುತ್ತದೆ ಎಂದು ಸಾರಲಾಗಿತ್ತು. ಯಜಮಾನರು ಅದನ್ನು ಬಾಯಿಪಾಠ ಮಾಡಿಕೊಂಡಿದ್ದರು. ಮೇಡಂ ಮನಸ್ಸಿನಲ್ಲೇ ಲೆಕ್ಕ ಹಾಕಿದರು: ವೇಗದ ಮಿತಿ ನೂರು, ಹೊರಟಲ್ಲಿಂದ ಮುಟ್ಟುವ ತನಕ ಬ್ರೇಕನ್ನೇ ಒತ್ತದೆ ಹೋದರೆ 71 ನಿಮಿಷ, ಟೋಲ್, ಟೀ, ಶೌಚಾಲಯ ಎಲ್ಲಕ್ಕೂ ಸೇರಿ ಉಳಿಯುವುದು ನಾಲ್ಕು. ಬಾಯಿಬಿಟ್ಟು ಹೇಳಲಿಲ್ಲ. ಮದುವೆಯಾಗಿ ಇಪ್ಪತ್ತೈದು ವರ್ಷವಾಗಿದೆ.

ಉಳಿಸಿದ ಸಮಯಕ್ಕಾಗಿ ಅವರು ಏನೇನು ಬಿಟ್ಟುಕೊಟ್ಟರು ಎಂಬುದನ್ನು ತಾವು ಗಮನಿಸಬೇಕು. ಬಿಡದಿ ಬಂತು, ಹೋಯಿತು. ಹಬೆಯಾಡುವ ತಟ್ಟೆ ಇಡ್ಲಿ ಹಳೇ ರಸ್ತೆಯಲ್ಲೇ ಉಳಿಯಿತು. ಚನ್ನಪಟ್ಟಣದ ಬೊಂಬೆ ಅಂಗಡಿಗಳು ಕಾಣಲಿಲ್ಲ. ಮದ್ದೂರು ಬಂದಾಗ ಮೇಡಂ “ರೀ, ಒಂದು ವಡೆ?” ಎಂದರು. ಕಾರು ಆಗಲೇ ಮೇಲ್ಸೇತುವೆ ಹತ್ತಿತ್ತು. “ಮೈಸೂರಲ್ಲಿ ಸಿಗುತ್ತೆ ಬಿಡೇ” ಎಂದರು ಯಜಮಾನರು. ಎಕ್ಸ್‌ಪ್ರೆಸ್‌ವೇ ಬಂದ ಮೇಲೆ ಹಳೇ ರಸ್ತೆಯ ಹೋಟೆಲಿನವರ ವ್ಯಾಪಾರ ಯಾಕೆ ಕುಸಿಯಿತು ಎಂಬುದಕ್ಕೆ ಈ ಒಂದು ವಾಕ್ಯಕ್ಕಿಂತ ಬೇರೆ ವರದಿ ಬೇಕಿಲ್ಲ. ಕೊನೆಗೆ ಶ್ರೀರಂಗಪಟ್ಟಣ. 1610ರಲ್ಲಿ ರಾಜ ಒಡೆಯರು ಮೊದಲ ದಸರೆ ಮಾಡಿದ್ದು ಅಲ್ಲಿ. ದಸರೆ ನೋಡಲು ಹೊರಟ ಕಾರು, ದಸರೆ ಶುರುವಾದ ಊರನ್ನು ಬೈಪಾಸಿನಲ್ಲಿ ದಾಟಿ ಮೈಸೂರು ಸೇರಿತು.

ತಮ್ಮ ಪಯಣವೂ ಪೂರ್ತಿ ಕಾಲ್ನಡಿಗೆಯದಲ್ಲ, ಗೊತ್ತಿದೆ. ಆಗಸ್ಟ್ ಮೊದಲ ವಾರ ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಲ್ಲಿ ಗಜಪಯಣಕ್ಕೆ ಪೂಜೆ, ಭಾಷಣ, ಫೋಟೊ ಎಲ್ಲ ಆದ ಮೇಲೆ ತಮ್ಮನ್ನೂ ಲಾರಿ ಹತ್ತಿಸಿ ಅಶೋಕಪುರಂನ ಅರಣ್ಯ ಭವನಕ್ಕೆ ತಂದರು. ಆದರೆ ತಾವು ಬಂದದ್ದು ಜಂಬೂಸವಾರಿಗೆ ಎರಡು ತಿಂಗಳು ಮುಂಚೆ. ಬಂದವರಿಗೆ ಮೊದಲು ಮಾಡಿದ್ದೇನು? ವೇಬ್ರಿಡ್ಜ್ ಮೇಲೆ ನಿಲ್ಲಿಸಿ ತೂಕ ಹಾಕಿದ್ದು. ತಮ್ಮ ತೂಕ ಐದು ಟನ್ ದಾಟಿತ್ತು. ಮರುದಿನ ಎಲ್ಲ ಪತ್ರಿಕೆಗಳಲ್ಲೂ ಬಂತು. ಆಮೇಲೆ ಹೆಸರುಕಾಳು, ಉದ್ದಿನಕಾಳು, ಕುಸುಬಲಕ್ಕಿ, ತರಕಾರಿ ಬೇಯಿಸಿ, ಬೆಣ್ಣೆ ಹಾಕಿ ಉಂಡೆ ಕಟ್ಟಿ ಕೊಟ್ಟರು. ಭತ್ತದ ಹುಲ್ಲಿನೊಳಗೆ ಬೆಲ್ಲ, ತೆಂಗಿನಕಾಯಿ ಇಟ್ಟು ಕಟ್ಟಿದ ಕುಸುರೆ ಬೇರೆ. ಜೊತೆಗೆ ದಿನಾ ಬೆಳಗ್ಗೆ ಸಂಜೆ ಅರಮನೆಯಿಂದ ಬನ್ನಿಮಂಟಪಕ್ಕೆ ತಾಲೀಮು: ಮೊದಲು ಖಾಲಿ ಬೆನ್ನು, ಆಮೇಲೆ ಮರಳು ಮೂಟೆ, ಆಮೇಲೆ ಮರದ ಅಂಬಾರಿ. ಬೆದರಬಾರದೆಂದು ಪಕ್ಕದಲ್ಲೇ ಫಿರಂಗಿ ಸಿಡಿಸಿದರು.

ಯಜಮಾನರಿಗೆ ಇದ್ಯಾವ ತಾಲೀಮೂ ಆಗಿರಲಿಲ್ಲ. ಲಾಡ್ಜಿನ ಹುಡುಗ “ಸೀಸನ್ ರೇಟು ಸಾರ್” ಎಂದಾಗಲೇ ಬೆದರಿದರು.

ಮೊದಲ ಗುರಿ ನಜರ್‌ಬಾದಿನ ಮೈಲಾರಿ ದೋಸೆ. ಯಾವುದು ಮೂಲ ಮೈಲಾರಿ ಎಂಬ ವಾದ ಮೈಸೂರಿನಲ್ಲಿ ಹಳೆಯದು. ಊರಿನವರು ಜಾಗ ಸಿಕ್ಕ ಕಡೆ ಕೂತು ತಿಂದು ಎದ್ದುಹೋಗುತ್ತಾರೆ. ಯಜಮಾನರು ಮಾತ್ರ ಫೋನು ತೆಗೆದು ರಿವ್ಯೂ ಓದಲು ಶುರುಮಾಡಿದರು. ಓದಿ ಮುಗಿಯುವ ಹೊತ್ತಿಗೆ ಸಾಲು ರಸ್ತೆ ತಿರುವಿನ ತನಕ ಬೆಳೆದಿತ್ತು. ಎಕ್ಸ್‌ಪ್ರೆಸ್‌ವೇ ಉಳಿಸಿಕೊಟ್ಟ ಒಂದೂಮುಕ್ಕಾಲು ಗಂಟೆಯ ಮೊದಲ ಕಂತು ಪಾವತಿಯಾದದ್ದು ಇಲ್ಲಿ. ಕೊನೆಗೆ ದೋಸೆ ಬಂತು. ಗರಿಗರಿಯಲ್ಲ, ಮೆತ್ತನೆಯದು, ಮಡಿಸಿದ ಒಳಗೆ ಸಾಗು, ಮೇಲೆ ಬೆಣ್ಣೆಯ ಬಿಳೀ ಮುದ್ದೆ, ಪಕ್ಕದಲ್ಲಿ ಕಾಯಿಚಟ್ನಿ. ಈ ದೋಸೆಯ ಜೀವ ಇರುವುದು ಬೆಣ್ಣೆ ಅರ್ಧ ಕರಗಿ ಅರ್ಧ ನಿಂತಿರುವ ಒಂದೆರಡು ನಿಮಿಷದಲ್ಲಿ. ಯಜಮಾನರು ಮೇಲಿನಿಂದ ಒಂದು, ಪಕ್ಕದಿಂದ ಒಂದು, ಬೆಳಕು ಸರಿಬರಲಿಲ್ಲವೆಂದು ಕಿಟಕಿ ಕಡೆಗೆ ತಿರುಗಿಸಿ ಇನ್ನೊಂದು ಫೋಟೊ ತೆಗೆಯುವಷ್ಟರಲ್ಲಿ ಬೆಣ್ಣೆಯಿದ್ದ ಕಡೆ ಎಣ್ಣೆಯ ಗುರುತು ಮಾತ್ರ ಉಳಿದಿತ್ತು. ಮೇಡಂ ಎರಡನೆಯ ದೋಸೆಯ ಮಧ್ಯದಲ್ಲಿದ್ದರು.

ದೇವರಾಜ ಮಾರುಕಟ್ಟೆಯನ್ನು ಯಜಮಾನರ ಪಟ್ಟಿ ‘ಇಪ್ಪತ್ತು ನಿಮಿಷ’ ಎಂದು ತೀರ್ಮಾನಿಸಿತ್ತು. ಕುಂಕುಮದ ಬಣ್ಣಬಣ್ಣದ ರಾಶಿಗಳ ಮುಂದೆ ಪ್ರವಾಸಿಗರು ಫೋಟೊಗೆ ಸರದಿ ನಿಂತಿದ್ದರು. ಹೂವಿನ ಸಾಲಿನಲ್ಲಿ ಆಯುಧಪೂಜೆಯ ಸೇವಂತಿಗೆಗೆ ಚೌಕಾಸಿ ನಡೆದಿತ್ತು. ಮೇಡಂ ಮೈಸೂರು ಮಲ್ಲಿಗೆ ಮುಡಿದು, ಎರಡು ಕಟ್ಟು ವೀಳ್ಯದೆಲೆ ಕೊಂಡರು. ಯಜಮಾನರು ‘ಪಾರಂಪರಿಕ ನಗರಿ’ ಎಂದು ಬರೆದು ಫೋಟೊ ಹಾಕಿದರು. ಇದೇ ಮಾರುಕಟ್ಟೆಯ ಉತ್ತರ ದ್ವಾರ 2016ರಲ್ಲಿ ಕುಸಿದುಬಿತ್ತು. ಹತ್ತಿರದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲೇ ಕುಸಿದು ಜೀವ ಹೋಗಿತ್ತು. ಕೆಡವಿ ಕಟ್ಟಬೇಕೋ ಉಳಿಸಿ ಕಟ್ಟಬೇಕೋ ಎಂಬ ವ್ಯಾಜ್ಯ ವರ್ಷಗಟ್ಟಲೆ ನಡೆಯಿತು. ದಸರೆಯ ಹೊತ್ತಿಗೆ ದೀಪದ ಸರ ಹಾಕಿದರೆ ಬಿರುಕು ಯಾರ ಕಣ್ಣಿಗೂ ಬೀಳುವುದಿಲ್ಲ.

ಸಯ್ಯಾಜಿರಾವ್ ರಸ್ತೆಗೆ ಬಂದರೆ ಗುರು ಸ್ವೀಟ್ಸ್. ನಾಲ್ವಡಿ ಕೃಷ್ಣರಾಜ ಒಡೆಯರ ಅಡುಗೆಮನೆಯಲ್ಲಿ ಮೈಸೂರು ಪಾಕ್ ಮಾಡಿದರೆಂದು ಹೇಳುವ ಕಾಕಾಸುರ ಮಾದಪ್ಪನವರ ವಂಶದವರ ಅಂಗಡಿ ಇದು. ಕಡಲೆಹಿಟ್ಟು, ಸಕ್ಕರೆ ಪಾಕ, ಕಾದ ತುಪ್ಪ. ಮೂರೇ ಸಾಮಾನು, ಉಳಿದದ್ದೆಲ್ಲ ಕೈಯ ಹದ. ಯಜಮಾನರು ಸಕ್ಕರೆ ಕಾಯಿಲೆ ನೆನಪಾಗಿ ಕಾಲು ಕಿಲೋ ಎಂದರು. ಮೇಡಂ ಒಂದು ಕಿಲೋ ಎಂದರು. ಜಂಬೂಸವಾರಿಯ ದಿನ ತಾವು ಈ ರಸ್ತೆಯಲ್ಲೇ ಹೋಗುತ್ತೀರಿ. ಇಷ್ಟು ವರ್ಷ ಆ ತುಪ್ಪದ ವಾಸನೆಯ ನಡುವೆ ಸೊಂಡಿಲು ಚಾಚದೆ ನಡೆದಿದ್ದೀರಲ್ಲ, ಅದಕ್ಕೂ ಒಂದು ಪ್ರಶಸ್ತಿ ಇರಬೇಕಿತ್ತು.

ಸಂಜೆ ಅರಮನೆ. ಸುಮಾರು ಒಂದು ಲಕ್ಷ ಬಲ್ಬುಗಳು ಒಟ್ಟಿಗೆ ಹೊತ್ತಿಕೊಂಡಾಗ ಜನ “ಹೋ” ಎಂದರು. ಯಜಮಾನರೂ ಎಂದರು, ಸ್ಕ್ರೀನ್ ನೋಡುತ್ತಾ. ಹಳೆಯ ಮರದ ಅರಮನೆ 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಹೊತ್ತಿಗೆ ಸುಟ್ಟುಹೋಯಿತು. ಹೆನ್ರಿ ಇರ್ವಿನ್ ನಕ್ಷೆಯಂತೆ ಹೊಸದು ಮುಗಿದದ್ದು 1912ರಲ್ಲಿ. ಖರ್ಚು 41,47,913 ರೂಪಾಯಿ. ಕೊನೆಯ ಹದಿಮೂರು ರೂಪಾಯಿಯನ್ನೂ ಬಿಡದೆ ಬರೆದಿಟ್ಟ ಈ ಲೆಕ್ಕ ಮೇಡಂಗೆ ಗುಮ್ಮಟಕ್ಕಿಂತ ಹೆಚ್ಚು ಇಷ್ಟವಾಯಿತು. ಅವರ ಲಾಡ್ಜಿನ ಬಿಲ್ಲಿನಲ್ಲಿ ‘ಇತರೆ’ ಎಂಬ ಸಾಲಿನ ಮುಂದೆ ಎರಡು ಸಾವಿರ ಕಂಡಿತ್ತು. ಹದಿನೈದು ವರ್ಷ ಕಟ್ಟಿದ ಅರಮನೆಯನ್ನು ಯಜಮಾನರು ಹದಿನೈದು ಸೆಕೆಂಡಿನ ರೀಲ್ಸಿಗೆ ಇಳಿಸಿದರು. ತಮ್ಮ ಬಳಿಗೂ ಬರುತ್ತಿದ್ದರೇನೋ. ಆನೆಗಳ ಪಕ್ಕ ನಿಂತು ರೀಲ್ಸ್ ಮಾಡುವುದಕ್ಕೆ ಅರಣ್ಯ ಇಲಾಖೆ ಆ ಸಲ ಕಡಿವಾಣ ಹಾಕಿದ್ದರಿಂದ ತಾವು ಬಚಾವಾದಿರಿ.

ಪಟ್ಟಿಯಲ್ಲಿ ಇಲ್ಲದ್ದು ಒಂದೇ: ಒಂಟಿಕೊಪ್ಪಲಿನ ಚಿಕ್ಕಮ್ಮನ ಮನೆ. ಮೇಡಂ ಹಟ ಹಿಡಿದು ಕರೆದುಕೊಂಡು ಹೋದರು. ನಡುಮನೆಯಲ್ಲಿ ಮೆಟ್ಟಿಲು ಕಟ್ಟಿ ಬೊಂಬೆ ಕೂರಿಸಿದ್ದರು. ಮೇಲಿನ ಮೆಟ್ಟಿಲಲ್ಲಿ ಪಟ್ಟದ ಬೊಂಬೆಗಳು, ಚಿಕ್ಕಮ್ಮನಿಗೆ ತವರಿನವರು ಮದುವೆಯಲ್ಲಿ ಕೊಟ್ಟ ರಾಜ, ರಾಣಿ. ಮರದ ಮೈಯ ಬಣ್ಣ ಅಲ್ಲಲ್ಲಿ ಸವೆದಿತ್ತು. ರಾಣಿಗೆ ಆ ವರ್ಷದ ಹೊಸ ಜರಿ ಸೀರೆ, ರಾಜನಿಗೆ ಸೇಫ್ಟಿ ಪಿನ್ನಿನಲ್ಲಿ ನಿಲ್ಲಿಸಿದ ಪೇಟ. ಮೇಡಂ ತುಂಬ ಹೊತ್ತು ನೋಡಿ, “ರೀ, ಇವರು ನಮ್ಮ ಹಾಗೇ. ವರ್ಷಕ್ಕೊಂದು ಸಲ ಪೆಟ್ಟಿಗೆಯಿಂದ ಹೊರಗೆ ಬರ್ತಾರೆ, ಅಕ್ಕಪಕ್ಕ ನಿಲ್ತಾರೆ, ಮಾತಾಡಲ್ಲ” ಎಂದರು. ಯಜಮಾನರಿಗೆ ಆಫೀಸಿನಿಂದ ಫೋನು ಬಂದಿತ್ತು. ಚಿಕ್ಕಮ್ಮ ಕಡಲೆ ಉಸಲಿಯ ಬಟ್ಟಲು ತಂದಿಟ್ಟು, “ಕೂತ್ಕೊಳ್ಳಿ ಅಳಿಯಂದಿರೇ, ಕಾರು ಎಲ್ಲೂ ಓಡಿಹೋಗಲ್ಲ” ಎಂದರು. ಇಡೀ ಪ್ರವಾಸದಲ್ಲಿ ಟಿಕೆಟ್ಟಿಲ್ಲದೆ, ಸಾಲಿಲ್ಲದೆ ಸಿಕ್ಕಿದ್ದು ಈ ಉಸಲಿ.

ಕಾರು ಎಲ್ಲೂ ಓಡಿಹೋಗಲಿಲ್ಲ ಎಂಬುದು ಮರುದಿನ ನಿಜವಾಯಿತು. ಆಯುಧಪೂಜೆಗೆ ಲಾಡ್ಜಿನ ಮುಂದೆಯೇ ಬೂದುಗುಂಬಳ ಒಡೆದು, ನಾಲ್ಕು ಚಕ್ರಕ್ಕೂ ನಿಂಬೆಹಣ್ಣಿಟ್ಟು ಹಿಂಡಿಸಿದ ಕಾರು, ದಸರೆಯ ಏಕಮುಖ ಸಂಚಾರಕ್ಕೆ ಸಿಕ್ಕಿ ಅರಮನೆಯ ಸುತ್ತ ಮೂರು ಪ್ರದಕ್ಷಿಣೆ ಹಾಕಿತು. ಉಳಿಸಿದ್ದ ಸಮಯದಲ್ಲಿ ಬಾಕಿಯಿದ್ದದ್ದೆಲ್ಲ ಅಲ್ಲೇ ಚುಕ್ತಾ ಆಯಿತು.

ಇನ್ನು ತಮಗೆ ನೇರವಾಗಿ ಸಂಬಂಧಿಸಿದ ವಿಷಯ. ಅಕ್ಟೋಬರ್ 2ರ ಜಂಬೂಸವಾರಿಗೆ ಯಜಮಾನರು ತಲಾ 6,500 ರೂಪಾಯಿಯ ಗೋಲ್ಡ್ ಕಾರ್ಡ್ ಎರಡು ಕೊಂಡಿದ್ದರು. ಬಿಸಿಲಲ್ಲಿ ಬೇಗ ಹೋಗಿ ಕೂತರು. ಮಧ್ಯಾಹ್ನ ನಂದಿಧ್ವಜಕ್ಕೆ ಪೂಜೆಯಾಯಿತು. ನಿಶಾನೆ ಆನೆ, ನೌಫತ್ ಆನೆ, ಡೊಳ್ಳು, ವೀರಗಾಸೆ, ಒಂದರ ಹಿಂದೊಂದು ಜಿಲ್ಲೆಗಳ ಸ್ತಬ್ಧಚಿತ್ರ. ಸಂಜೆ ತಾವು ಬಂದಿರಿ. 750 ಕಿಲೋ ಚಿನ್ನದಂಬಾರಿ, ಹಿಂದೆ ಮಹಾರಾಜರು ಕೂರುತ್ತಿದ್ದ ಜಾಗದಲ್ಲಿ ಈಗ ಚಾಮುಂಡೇಶ್ವರಿ, ಅಕ್ಕಪಕ್ಕ ಕುಮ್ಕಿ ಹೆಣ್ಣಾನೆಗಳು. ಅಷ್ಟರಲ್ಲಿ ಮುಂದಿನ ಸಾಲಿನವರು ಎದ್ದು ನಿಂತರು. ಅವರಿಂದಾಗಿ ಹಿಂದಿನವರು ಕುರ್ಚಿ ಹತ್ತಿದರು. ಯಜಮಾನರು ತಮ್ಮನ್ನು ನೋಡಿದ್ದು ಮುಂದಿದ್ದವರ ಮೊಬೈಲ್ ಪರದೆಯಲ್ಲಿ, ಅದೂ ಬಾಲದ ಕಡೆಯಿಂದ. ಮೇಡಂ ಎರಡು ಸಾಲಿನ ನಡುವಿನ ಸಂದಿಯಲ್ಲಿ ಬಗ್ಗಿ ನೋಡಿದರಂತೆ. ಅವರಿಗೆ ಕಂಡದ್ದು ತಮ್ಮ ಪಾದಗಳು. ಒಂದನ್ನು ಪೂರ್ತಿ ಊರಿದ ಮೇಲೆಯೇ ಇನ್ನೊಂದು ಏಳುತ್ತಿತ್ತು. ಅಷ್ಟು ಸಾಕಾಯಿತು ಎಂದು ಅವರು ಈಗಲೂ ಹೇಳುತ್ತಾರೆ. ಯಜಮಾನರು ಲಾಡ್ಜಿಗೆ ಬಂದು ಟಿ.ವಿ.ಯಲ್ಲಿ ಮರುಪ್ರಸಾರ ನೋಡಿದರು.

ಅರಮನೆಯಿಂದ ಬನ್ನಿಮಂಟಪಕ್ಕೆ ಸುಮಾರು ಐದು ಕಿಲೋಮೀಟರ್. ನೂರರ ವೇಗಕ್ಕೆ ಮೂರು ನಿಮಿಷದ ದಾರಿ. ತಾವು ಅದಕ್ಕೆ ಗಂಟೆಗಟ್ಟಲೆ ತೆಗೆದುಕೊಂಡಿರಿ, ಒಬ್ಬರೂ ಹಾರ್ನ್ ಹೊಡೆಯಲಿಲ್ಲ. ಇದನ್ನು ಸಾಧಿಸಿದ ವಾಹನ ಕರ್ನಾಟಕದಲ್ಲಿ ಇನ್ನೊಂದಿಲ್ಲ.

ಆದ್ದರಿಂದ ತಮ್ಮಲ್ಲಿ ವಿನಂತಿ. ಮುಂದಿನ ಆಗಸ್ಟಿನಲ್ಲಿ ತಾಲೀಮು ಶುರುವಾದಾಗ ಬೆಂಗಳೂರಿನ ಯಜಮಾನರುಗಳ ಒಂದು ತಂಡವನ್ನೂ ಸೇರಿಸಿಕೊಳ್ಳಬೇಕು. ಮೊದಲ ವಾರ ಬರಿಗೈಯಲ್ಲಿ ಸಯ್ಯಾಜಿರಾವ್ ರಸ್ತೆ, ಮೊಬೈಲ್ ಮಾವುತರ ವಶದಲ್ಲಿ. ಎರಡನೆಯ ವಾರ ಹೆಗಲಿಗೆ ಹೆಂಡತಿಯ ಕೈಚೀಲ. ಮೂರನೆಯ ವಾರ ಸೀರೆ ಅಂಗಡಿಯ ಬಾಗಿಲಲ್ಲಿ ಒಂದು ಗಂಟೆ ಅಲುಗದೆ ನಿಲ್ಲುವುದು. ಆಗಲೂ ಬೆದರದಿದ್ದರೆ ಪಕ್ಕದಲ್ಲಿ ಲಾಡ್ಜಿನ ಬಿಲ್ಲು ಓದಿ ಹೇಳಬಹುದು. ಬಂದಾಗೊಮ್ಮೆ, ಹೋಗುವಾಗೊಮ್ಮೆ ವೇಬ್ರಿಡ್ಜಿನಲ್ಲಿ ತೂಕ ಹಾಕಿಸಿ ಪತ್ರಿಕೆಗಳಿಗೆ ಕೊಡಬೇಕು. ವಾಪಸ್ ಹೋಗುವಾಗ ಮದ್ದೂರಿನ ಹಳೇ ರಸ್ತೆಯಲ್ಲಿ ಕಡ್ಡಾಯವಾಗಿ ಇಳಿಸಬೇಕು. ಮೇಡಂ ವಡೆ ಇನ್ನೂ ಬಾಕಿ ಇದೆ.

ಇಂತಿ,
ನಜರ್‌ಬಾದಿನ ದೋಸೆ ಸಾಲಿನಲ್ಲಿ ಯಜಮಾನರ ಹಿಂದೆ ನಿಂತಿದ್ದವರು

ತಾ.ಕ.: ಅರವತ್ತಾಯಿತೆಂದು, ತಮಗಿಂತ ಮೊದಲು ಅಂಬಾರಿ ಹೊರುತ್ತಿದ್ದ ಅರ್ಜುನನಿಗೆ ಬಿಡುವು ಕೊಟ್ಟು 2020ರಲ್ಲಿ ಅಂಬಾರಿಯನ್ನು ತಮಗೆ ಹೊರಿಸಿದರು. ತಾವೂ ಅರವತ್ತರ ಹೊಸ್ತಿಲಲ್ಲಿದ್ದೀರಿ ಎಂದು 2025ರ ದಸರೆಯ ಹೊತ್ತಿಗೆ ಪತ್ರಿಕೆಗಳಲ್ಲಿ ಬಂದಿತ್ತು. ಯಜಮಾನರು ಅದನ್ನು ಕತ್ತರಿಸಿ ಇಟ್ಟುಕೊಂಡಿದ್ದಾರೆ. ಕೈಚೀಲಕ್ಕೂ ಇದೇ ನಿಯಮ ಅನ್ವಯಿಸುತ್ತದೆಯೇ ಎಂದು ಅವರು ಮೇಡಂ ಇಲ್ಲದ ಹೊತ್ತು ನೋಡಿ ವಿಚಾರಿಸಿದ್ದಾರೆ. ಉತ್ತರ ಕೊಡುವಾಗ ದಯವಿಟ್ಟು ಮನೆ ವಿಳಾಸಕ್ಕೆ ಹಾಕಬೇಡಿ.