ಪಡುವಣ ತಾಲ್ಲೂಕುಗಳ ವಿದ್ಯಾರ್ಥಿಯು ಜರ್ಮನಿಯ ಹಾಸ್ಟೆಲ್ಲಿನಲ್ಲಿ ನೆಲೆಗೊಳ್ಳುವ ಕ್ರಮ: ಒಂದು ಸಪ್ರಮಾಣ ಮೀಮಾಂಸೆ

ವಿಜಯನಗರ ಜಿಲ್ಲೆಯ ಪಡುವಣಕ್ಕಿರುವ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ ಐದು ತಾಲ್ಲೂಕುಗಳಿಂದ ಎಂ.ಎಸ್. ಓದಲು ಜರ್ಮನಿಗೆ ಹಾರುವ ಜೀವಿಯ ಬಗ್ಗೆ ವಿದ್ವತ್ ಲೋಕ ಈವರೆಗೆ ತಾಳಿರುವ ಮೌನ ಅಕ್ಷಮ್ಯ. ಇದೇ ಸೀಮೆಯ ಬಾಗಳಿಯ ಕಲ್ಲೇಶ್ವರ ಗುಡಿಯ ಕಂಬಗಳನ್ನು ಪಂಡಿತರು ತಡವಿ ನೋಡಿದ್ದಾಯಿತು, ನೀಲಗುಂದದ ಶಾಸನ ಓದಿದ್ದಾಯಿತು. ಆದರೆ 23 ಕಿಲೋ ಮೀರಬಾರದ ಸೂಟ್‌ಕೇಸಿನಲ್ಲಿ ಕಟಕ್ ರೊಟ್ಟಿಯ ಕಟ್ಟು, ಶೇಂಗಾ ಪುಡಿ, ಗುರೆಳ್ಳು ಪುಡಿ, ಕೆಂಪು ಖಾರ ಹಾಗೂ ಒಂದು ಜೊತೆ ಉಲನ್ ಸಾಕ್ಸ್ ಹೊತ್ತು ಹೋಗುವವನ ಗತಿಯೇನಾಯಿತೆಂದು ಯಾರೂ ಕೇಳಿಲ್ಲ. ಈ ಕೊರತೆಯನ್ನು ತುಂಬುವ ಭಾರ ನಮ್ಮ ಮೇಲೆ ಬಿದ್ದಿದೆ. ಯಾರೂ ಹಾಕಿದ್ದಲ್ಲ, ನಾವೇ ಎಳೆದುಕೊಂಡದ್ದು.

ಮೊದಲು ಪೂರ್ವಪಕ್ಷ. ಬೆಂಗಳೂರಿನ ಕೆಲವರು ಹೇಳುವುದೇನೆಂದರೆ, ಇವನು ಒಳನಾಡಿನ ಹುಡುಗ, ಗಡಿ ದಾಟಿ ಗೊತ್ತಿಲ್ಲದವನು, ಆದ್ದರಿಂದ ಪರದೇಶದಲ್ಲಿ ಕಂಗಾಲಾಗುತ್ತಾನೆ. ಇದು ಇತಿಹಾಸ ಓದದವರ ಮಾತು. 1902ರಲ್ಲಿ ಹರಪನಹಳ್ಳಿ ತಾಲ್ಲೂಕಿನ ಹಲುವಾಗಲಿನಲ್ಲಿ ಹುಟ್ಟಿದ ಎಸ್. ನಿಜಲಿಂಗಪ್ಪನವರನ್ನೇ ನೋಡಿ. ಹುಟ್ಟೂರು ಮದ್ರಾಸ್ ಪ್ರೆಸಿಡೆನ್ಸಿಯಲ್ಲಿ. ಶಾಲೆ ಕಲಿತ ದಾವಣಗೆರೆ, ಚಿತ್ರದುರ್ಗ ಮೈಸೂರು ಮಹಾರಾಜರ ಸಂಸ್ಥಾನದಲ್ಲಿ. ಬೆಂಗಳೂರಿನ ಸೆಂಟ್ರಲ್ ಕಾಲೇಜು ಮುಗಿಸಿ ಕಾನೂನು ಓದಲು ಹೋದ ಪುಣೆ ಬಾಂಬೆ ಪ್ರೆಸಿಡೆನ್ಸಿಯಲ್ಲಿ. ಅಂದರೆ ವಿಮಾನ ಹತ್ತದೆ, ವೀಸಾ ಕೇಳದೆ ಎರಡು ಪರರಾಜ್ಯಗಳಲ್ಲಿ ಓದಿ ಬಂದರು. ಆಮೇಲೆ 1956ರಲ್ಲಿ ಆ ಮೂರೂ ಕಡೆಯ ಕನ್ನಡಿಗರು ಒಂದಾದ ರಾಜ್ಯಕ್ಕೆ ಮುಖ್ಯಮಂತ್ರಿಯೂ ಆದರು. ಇಂಥ ಸೀಮೆಯವನಿಗೆ ಗಡಿ ದಾಟುವುದನ್ನು ಯಾರೂ ಹೇಳಿಕೊಡಬೇಕಿಲ್ಲ.

ಅಷ್ಟೇಕೆ, ಹರಪನಹಳ್ಳಿಯಲ್ಲಿ ಮನುಷ್ಯ ಮನೆ ಬಿಟ್ಟು ಕದಲದಿದ್ದರೂ ಗಡಿ ತಾನೇ ಬಂದು ಅವನನ್ನು ದಾಟುತ್ತದೆ. ಬಳ್ಳಾರಿ ಜಿಲ್ಲೆಯಲ್ಲಿದ್ದ ತಾಲ್ಲೂಕು 1997ರಲ್ಲಿ ದಾವಣಗೆರೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರಕ್ಕೆ ಸೇರಿತು. ಇದರ ಪೂರ್ಣ ಫಲ ಕಾಣುವುದು ಜರ್ಮನಿಯ ವಿಳಾಸ ನೋಂದಣಿ ಕಚೇರಿಯಲ್ಲಿ. ಅಲ್ಲಿ ಮನೆ ಹೊಕ್ಕ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು, ಮನೆ ಕೊಟ್ಟವರ ಸಹಿಯ ಪತ್ರ ಬೇಕು. ನಮ್ಮ ಹುಡುಗನ ಜನನ ಪತ್ರ ದಾವಣಗೆರೆ ಎನ್ನುತ್ತದೆ, ಪಾಸ್‌ಪೋರ್ಟ್ ಬಳ್ಳಾರಿ ಎನ್ನುತ್ತದೆ, ಆಧಾರ್ ವಿಜಯನಗರ ಎನ್ನುತ್ತದೆ.

“ಮೂರು ಸಲ ಮನೆ ಬದಲಾಯಿಸಿದ್ದೀರಾ?” ಎಂದು ಕೌಂಟರಿನಾಕೆ ಕನ್ನಡಕ ಏರಿಸಿ ಕೇಳುತ್ತಾಳೆ.

“ಇಲ್ಲ ಮೇಡಂ. ಮನೆ ಅಲ್ಲೇ ಐತಿ. ಜಿಲ್ಲೆ ಅಡ್ಡಾಡೇತಿ.”

ಈ ಉತ್ತರ ತುಂಬಲು ಜರ್ಮನ್ ಅರ್ಜಿಯಲ್ಲಿ ಖಾನೆಯಿಲ್ಲ. ಕೊಟ್ಟೂರಿನವನದು ಇನ್ನೂ ಸೂಕ್ಷ್ಮ: ಅವನು ಹುಟ್ಟುವಾಗ ಕೊಟ್ಟೂರು ಕೂಡ್ಲಿಗಿ ತಾಲ್ಲೂಕಿನ ಊರು, ಅವನು ಪಿಯುಸಿ ದಾಟುವಷ್ಟರಲ್ಲಿ ತಾನೇ ತಾಲ್ಲೂಕು.

ಇನ್ನು ಆಹಾರ ಕಾಂಡ. ಯುರೋಪಿನ ಒಕ್ಕೂಟದೊಳಕ್ಕೆ ಹೊರಗಿನ ಪ್ರಯಾಣಿಕರು ಹಾಲಿನ ಪದಾರ್ಥ ತರುವಂತಿಲ್ಲ. ಆದ್ದರಿಂದ ಅವ್ವ ಮೂರು ಪ್ಲಾಸ್ಟಿಕ್ ಚೀಲ ಸುತ್ತಿ ನಡುವೆ ಇಟ್ಟ ತುಪ್ಪದ ಡಬ್ಬಿ ಕಾನೂನಿನ ದೃಷ್ಟಿಯಲ್ಲಿ ಕಳ್ಳಮಾಲು. ಹಡಗಲಿಯ ಮಲ್ಲಿಗೆಗೆ ಭೌಗೋಳಿಕ ಸೂಚ್ಯಂಕ ಇದ್ದರೂ ಸಸ್ಯ ತಪಾಸಣಾ ಪತ್ರವಿಲ್ಲದೆ ಪ್ರವೇಶವಿಲ್ಲ. ಆದರೆ ಆ ಪತ್ರದ ಗೊಡವೆಯಿಲ್ಲದೆ ಒಯ್ಯಬಹುದಾದ ಐದು ಹಣ್ಣುಗಳ ಪಟ್ಟಿಯೊಂದಿದೆ: ಅನಾನಸು, ಖರ್ಜೂರ, ಡುರಿಯನ್, ಬಾಳೆಹಣ್ಣು, ತೆಂಗಿನಕಾಯಿ. ಕೊನೆಯ ಎರಡನ್ನು ಗಮನಿಸಿ. ಕೊಟ್ಟೂರೇಶ್ವರನಿಗೆ ಹಣ್ಣುಕಾಯಿ ಮಾಡಿಸಿ ಬಂದ ಯಾರೋ ಆ ಪಟ್ಟಿ ಬರೆದಿರಬೇಕೆಂಬುದು ನಮ್ಮ ಊಹೆ. ವಿರುದ್ಧ ಪುರಾವೆ ಸಿಗುವವರೆಗೂ ಬಿಟ್ಟುಕೊಡುವುದಿಲ್ಲ.

ತಿನ್ನುವ ಪ್ರಶ್ನೆಯಲ್ಲಿ ನಮಗೆ ಪ್ರಮಾಣ ಗಾಂಧೀಜಿ. ಅವರ ಚಿತಾಭಸ್ಮದ ಸ್ಮಾರಕ ಕೂಡ್ಲಿಗಿಯಲ್ಲೇ ಇರುವುದರಿಂದ ಈ ಸೀಮೆಯವರು ಅವರನ್ನು ಉದಾಹರಿಸಲು ಹಕ್ಕುಳ್ಳವರು. 1888ರಲ್ಲಿ ಲಂಡನ್ನಿಗೆ ಕಾನೂನು ಓದಲು ಹೋದ ಆ ವಿದ್ಯಾರ್ಥಿಗೆ ಏನು ಬೇಯಿಸಿ ಹಾಕಬೇಕೆಂದು ಮನೆಯೊಡತಿಗೆ ತಿಳಿಯಲಿಲ್ಲ; ಅವರು ಅರೆಹೊಟ್ಟೆಯಲ್ಲಿ ಬೀದಿ ಸುತ್ತಿ ಕೊನೆಗೊಂದು ಸಸ್ಯಾಹಾರಿ ಹೋಟೆಲು ಹುಡುಕಿದರು. ಆಮೇಲೆ ಒಂದೇ ಕೋಣೆ ಹಿಡಿದು ಸ್ಟೋವ್ ಹಚ್ಚಿ ಓಟ್ಸ್ ಗಂಜಿ ಕಾಸಿಕೊಂಡರು. ನಮ್ಮ ಹುಡುಗನೂ ಇದೇ ಮಾರ್ಗ ಹಿಡಿಯುತ್ತಾನೆ, ಆದರೆ ವಿಡಿಯೊ ಕಾಲ್ ಎಂಬ ಬಾಧೆ ಗಾಂಧೀಜಿಗಿರಲಿಲ್ಲ.

“ಯಪ್ಪಾ, ಉಂಡಿ?”

“ಉಂಡೆ ಬೇ.”

“ಏನುಂಡಿ?”

“ಬ್ರೆಡ್ಡು.”

“ಬ್ರೆಡ್ಡಾ? ಯಾಕ, ಜ್ವರ ಬಂದಾವೇನು?”

ಮೂರು ಸಾವಿರಕ್ಕೂ ಹೆಚ್ಚು ಬಗೆಯ ಬ್ರೆಡ್ಡುಗಳ ಪಟ್ಟಿ ಮಾಡಿ, 2014ರಲ್ಲಿ ಅದನ್ನು ತನ್ನ ಸಾಂಸ್ಕೃತಿಕ ಪರಂಪರೆಯ ಯಾದಿಗೆ ಸೇರಿಸಿಕೊಂಡ ದೇಶವನ್ನು ಅವ್ವ ಒಂದೇ ಪ್ರಶ್ನೆಯಲ್ಲಿ ಆಸ್ಪತ್ರೆಯ ವಾರ್ಡು ಮಾಡಿಬಿಟ್ಟಳು. ಆ ರಾತ್ರಿಯೇ ಹುಡುಗ ಮಂಡಕ್ಕಿ ಒಗ್ಗರಣಿಗೆ ಕೈ ಹಾಕುತ್ತಾನೆ.

ಇಲ್ಲಿಂದ ಅಗ್ನಿ ಕಾಂಡ. ಜರ್ಮನಿಯಲ್ಲಿ ಮಲಗುವ ಕೋಣೆಗೆಲ್ಲ ಹೊಗೆ ಸೂಚಕ ಕಡ್ಡಾಯ. ಎಣ್ಣೆ ಕಾಯುತ್ತದೆ, ಸಾಸಿವೆ ಸಿಡಿಯುತ್ತದೆ, ಹಸಿಮೆಣಸಿನಕಾಯಿ ಬೀಳುತ್ತದೆ. ಘಾಟು ಅಡುಗೆಮನೆಯ ಬಾಗಿಲು ದಾಟಿ, ಕಾರಿಡಾರು ಹಿಡಿದು, ಪಕ್ಕದ ಕೋಣೆಯ ಚಾವಣಿಯಲ್ಲಿರುವ ಬಿಳಿ ಡಬ್ಬಿಯನ್ನು ಮುಟ್ಟುತ್ತದೆ. ಕಿರ್ ಎಂದು ಅದು ಕೂಗಿಕೊಂಡಾಗ ನಾನಾ ದೇಶದವರು ರಜಾಯಿ ಹೊದ್ದು ಅಂಗಳಕ್ಕಿಳಿಯುತ್ತಾರೆ. ಕಣ್ಣೊರೆಸಿಕೊಳ್ಳುತ್ತ, ಸೀನುತ್ತ, ಎಲ್ಲರೂ ಎಲ್ಲರಿಗೂ ಪರಿಚಯವಾಗುವುದು ಆವತ್ತೇ. ವಿಶ್ವವಿದ್ಯಾಲಯದವರು ಏರ್ಪಡಿಸುವ ಸ್ವಾಗತ ಕೂಟಕ್ಕಿಂತ ಇದು ಫಲಕಾರಿ. ಮಾರನೆಯ ವಾರ ಅವರಲ್ಲೊಬ್ಬ ತಟ್ಟೆ ಹಿಡಿದು ಬಂದು ನಿಲ್ಲುತ್ತಾನೆ. ಹುಡುಗ ಹಾಸ್ಟೆಲ್ಲಿಗೆ ಒಗ್ಗುವುದಕ್ಕಿಂತ ಮೊದಲು ಹಾಸ್ಟೆಲ್ಲು ಒಗ್ಗರಣೆಗೆ ಒಗ್ಗುತ್ತದೆಂಬುದು ಈ ಪ್ರಬಂಧದ ಮುಖ್ಯ ಸಿದ್ಧಾಂತ.

ರಾತ್ರಿ ಹತ್ತಕ್ಕೆ ನಿಶ್ಶಬ್ದ ಶುರು. ಆಮೇಲೆ ಮಿಕ್ಸರ್ ತಿರುಗಿದರೆ ಪಕ್ಕದವ ಗೋಡೆ ಗುದ್ದುತ್ತಾನೆ. ಹಡಗಲಿ ತಾಲ್ಲೂಕಿನವನಿಗೆ ಇದು ಹೊಸದಲ್ಲ: ಮೈಲಾರದ ಡೆಂಕಣಮರಡಿಯಲ್ಲಿ ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎಂದಾಗ ಲಕ್ಷಾಂತರ ಜನ ಉಸಿರು ಹಿಡಿದದ್ದನ್ನು ಕಂಡವನು ಅವನು. ವ್ಯತ್ಯಾಸವಿಷ್ಟೇ, ಅಲ್ಲಿ ಸದ್ದಡಗಿದ ಮೇಲೆ ಕಾರ್ಣಿಕದ ಭವಿಷ್ಯನುಡಿಯಾದರೂ ಸಿಗುತ್ತದೆ. ಇಲ್ಲಿ ಬೆಳಿಗ್ಗೆ ಬಾಗಿಲಿಗಂಟಿಸಿದ ದೂರಿನ ಚೀಟಿ. ಜೊತೆಗೆ ಮನೆಯೊಂದಕ್ಕೆ ತಿಂಗಳಿಗೆ 18.36 ಯೂರೊ ಪ್ರಸಾರ ಶುಲ್ಕದ ಕಾಗದ. ಟಿ.ವಿ. ಇಲ್ಲವೆಂಬುದು ಆ ಶುಲ್ಕಕ್ಕೆ ಆಕ್ಷೇಪವಾಗದು ಎಂಬ ತರ್ಕ ನಮ್ಮ ನ್ಯಾಯಶಾಸ್ತ್ರದವರಿಗೂ ಹೊಳೆದಿರಲಿಲ್ಲ. ಹೊರಗೆ ಹಿಮ ಬೀಳುವಾಗ ಗೋಡೆಗೆ ಬೂಷ್ಟು ಹಿಡಿಯದಿರಲೆಂದು ದಿನಾ ಕಿಟಕಿ ತೆರೆಯಬೇಕೆಂಬ ನಿಯಮವನ್ನಂತೂ, ಬಳ್ಳಾರಿ ಬಿಸಿಲುಂಡವನು ಓದಿ, ಮತ್ತೊಮ್ಮೆ ಓದಿ, ಅನುವಾದದ ತಪ್ಪೆಂದು ಪಕ್ಕಕ್ಕಿಡುತ್ತಾನೆ.

ಪೂರ್ತಿ ನೆಲೆಗೊಂಡ ಲಕ್ಷಣ ಯಾವುದು? ಒಂದು ದಿನ ಲಾಂಡ್ರಿ ಕೋಣೆಯಲ್ಲಿ ಯಾರೋ ಫೋನಿನಲ್ಲಿ “ಏ, ಸುಮ್ಕಿರಲೇ” ಎಂದದ್ದು ಕಿವಿಗೆ ಬೀಳುತ್ತದೆ. ಯಾವೂರು? ಹಗರಿಬೊಮ್ಮನಹಳ್ಳಿ. ಯಾರ ಪೈಕಿ? ಮೂರನೆಯ ಪ್ರಶ್ನೆಗೆ ದೂರದ ಮಾವನೊಬ್ಬ ಹೊರಬೀಳುತ್ತಾನೆ. ಊರಲ್ಲಿದ್ದಾಗ ಮಿರ್ಚಿ ನಮ್ಮೂರದೇ ಚೆಂದ ಎಂದು ಜಗಳಾಡುವ ಐದು ತಾಲ್ಲೂಕು ಅಲ್ಲಿ ಒಂದೇ ಬಾಣಲೆ ಸುತ್ತ ಕೂಡುತ್ತವೆ. ಜಗಳ ನಿಲ್ಲುವುದಿಲ್ಲ, ತಿನ್ನುತ್ತ ಮುಂದುವರಿಯುತ್ತದೆ.

ಮುಂದಿನ ವರ್ಷ ಹೊರಡುವವರಲ್ಲಿ ಒಂದು ವಿನಂತಿ. ಮನೆಯ ಅಲ್ಯೂಮಿನಿಯಂ ಕುಕ್ಕರು ಇಂಡಕ್ಷನ್ ಒಲೆಯ ಮೇಲೆ ಕಾಯುವುದಿಲ್ಲ. ಅಯಸ್ಕಾಂತ ಅಂಟುವ ಸ್ಟೀಲ್ ತಳದ್ದನ್ನೇ ಒಯ್ಯಿರಿ, ಎರಡು ರಬ್ಬರು ಹೆಚ್ಚಿಗೆ ಇಟ್ಟುಕೊಳ್ಳಿರಿ. ಒಂದು ನಿಮಗೆ, ಇನ್ನೊಂದು ನಿಮಗಿಂತ ಮೊದಲೇ ಹೋಗಿ ಕೂತಿರುವ ನಮ್ಮ ಸೀಮೆಯವನಿಗೆ.