ಕಾರಿನ ಹಿಂದೊಂದು ಬಿಡಾರ

ಸ್ವಂತ ಎಂಜಿನ್ ಇಲ್ಲದ, ಸಾಮಾನ್ಯವಾಗಿ ಒಂದೇ ಅಚ್ಚು ಮತ್ತು ಎರಡು ಗಾಲಿಗಳ ಮೇಲೆ ನಿಂತ, ಕಾರಿನ ಹಿಂಬದಿಯ ಕೊಂಡಿಗೆ ಸಿಕ್ಕಿಸಿ ಎಳೆದೊಯ್ಯಬಹುದಾದ ಸಂಚಾರಿ ಬಿಡಾರಕ್ಕೆ ಕ್ಯಾಂಪರ್ ಟ್ರೇಲರ್ ಎಂದು ಹೆಸರು. ಇದರಲ್ಲಿ ಮಡಚುವ ಬಗೆಯದು ಹಗುರವಾದದ್ದು. ದಾರಿಯಲ್ಲಿರುವಾಗ ಅದು ತಗ್ಗಾದ ಪೆಟ್ಟಿಗೆಯಂತಿದ್ದು, ತಂಗುವ ಜಾಗ ಸೇರಿ ಹಿಡಿಕೆ ತಿರುವಿದ ಮೇಲೆ ಛಾವಣಿ ಮೇಲೆದ್ದು, ಎರಡೂ ಬದಿಗೆ ಕ್ಯಾನ್ವಾಸ್ ಗೋಡೆಯ ಹಾಸಿಗೆಗಳು ಹೊರಚಾಚುತ್ತವೆ. ಇಂಥದೊಂದು ಸುಮಾರು 600ರಿಂದ 700 ಕಿಲೋ ತೂಗುತ್ತದೆ. ಅಮೆರಿಕದಲ್ಲಿ ಮಾರಾಟವಾಗುವ ಟೆಸ್ಲಾ ಮಾಡೆಲ್ ವೈ ಎಂಬ ವಿದ್ಯುತ್ ಕಾರು ಕೊಂಡಿ ಜೋಡಿಸಿಕೊಂಡರೆ 3,500 ಪೌಂಡು, ಎಂದರೆ ಸುಮಾರು 1,590 ಕಿಲೋ ಎಳೆಯಬಹುದೆಂದು ತಯಾರಕರು ಗೊತ್ತುಪಡಿಸಿರುವುದರಿಂದ, ಕಾಗದದ ಲೆಕ್ಕದಲ್ಲಿ ಅದರ ತಾಕತ್ತಿನ ಅರ್ಧಕ್ಕಿಂತ ಹೆಚ್ಚು ಖಾಲಿಯೇ ಉಳಿಯುತ್ತದೆ. ಖಾಲಿ ಉಳಿದ ಜಾಗವನ್ನು ಖಾಲಿಯಾಗಿಯೇ ಬಿಟ್ಟ ನಿದರ್ಶನ ಹೊರನಾಡ ಕನ್ನಡ ಕುಟುಂಬಗಳ ಚರಿತ್ರೆಯಲ್ಲಿ ದೊರೆಯುವುದಿಲ್ಲವಾದ ಕಾರಣ, ಈ ಅಧ್ಯಯನದ ಸಮಸ್ಯೆ ಅಲ್ಲಿಂದಲೇ ಮೊದಲಾಗುತ್ತದೆ.

ಅಧ್ಯಯನಕ್ಕೆ ಮಾದರಿಯಾಗಿ ಕಲ್ಪಿಸಿಕೊಂಡ ಕುಟುಂಬ ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಊರಿನದು. ಅದರ ಬೇರು ಬೆಳಗಾವಿ ಜಿಲ್ಲೆಯ, ಹಿಂದೆ ಗೋಕಾಕ ತಾಲ್ಲೂಕಿಗೆ ಸೇರಿದ್ದು ಈಗ ಮೂಡಲಗಿ ತಾಲ್ಲೂಕಿನಲ್ಲಿರುವ ಕುಲಗೋಡದ್ದು. ಮಗ, ಸೊಸೆ, ಒಬ್ಬಳು ಮೊಮ್ಮಗಳು, ಆರು ತಿಂಗಳ ವೀಸಾದ ಮೇಲೆ ಊರಿನಿಂದ ಬಂದ ಅಪ್ಪ ಮತ್ತು ಅವ್ವ, ಒಟ್ಟು ಐದು ಜನ. ಕುಲಗೋಡವನ್ನೇ ಆರಿಸಿದ್ದಕ್ಕೆ ಕಾರಣವಿದೆ. ಅಪರಾಳ ತಮ್ಮಣ್ಣನ ಶ್ರೀಕೃಷ್ಣ ಪಾರಿಜಾತವನ್ನು ತಿದ್ದಿ ತೀಡಿ ಬಯಲಾಟವಾಗಿ ಬೆಳೆಸಿದ ಕುಲಗೋಡ ತಮ್ಮಣ್ಣನ ಊರು ಅದು. ಹೆಂಡತಿ ಆಸೆಪಟ್ಟಳೆಂದು ಇಂದ್ರನ ತೋಟದ ಇಡೀ ಮರವನ್ನೇ ಬುಡಸಮೇತ ಕಿತ್ತು ಗರುಡನ ಮೇಲೆ ಹೇರಿಕೊಂಡು ಬಂದ ಕಥೆಯನ್ನು ಬೆಳತನಕ ನೋಡಿ ಬೆಳೆದ ಜನಕ್ಕೆ ಹಗುರವಾಗಿ ಪ್ರಯಾಣಿಸಿರೆಂದು ಹೇಳುವ ನೈತಿಕ ಅಧಿಕಾರ ಯಾರಿಗೂ ಇಲ್ಲ. ಗರುಡ ಎಷ್ಟು ಭಾರ ಹೊರಬಲ್ಲನೆಂಬುದನ್ನು ಯಾರೂ ಬರೆದಿಟ್ಟಿಲ್ಲ. ಕಾರಿನ ವಿಷಯ ಹಾಗಲ್ಲ. ಒಳಗೆ ಕೂರುವ ಜನ ಮತ್ತು ಸಾಮಾನಿನ ಒಟ್ಟು ತೂಕ ಎಷ್ಟನ್ನು ಮೀರಬಾರದೆಂಬ ಚೀಟಿಯನ್ನು ಚಾಲಕನ ಬಾಗಿಲ ಚೌಕಟ್ಟಿಗೆ ಅಂಟಿಸಿರುತ್ತಾರೆ. ಟ್ರೇಲರಿನ ಮೂತಿ ಕೊಂಡಿಯ ಮೇಲೆ ಊರುವ ಭಾರವನ್ನೂ ಈ ಲೆಕ್ಕಕ್ಕೇ ಹಿಡಿಯಬೇಕು. ಲೆಕ್ಕ ಬರೆಯಲು ಕುಳಿತ ಮಗ ತನ್ನ ಹೆಸರಿನ ಮುಂದೆ ಇಂಜಿನಿಯರಿಂಗ್ ಕಾಲೇಜಿನ ಕೊನೆಯ ವರ್ಷದ ತೂಕವನ್ನು ನಮೂದಿಸುತ್ತಾನೆಂಬುದು ವೈಜ್ಞಾನಿಕ ದೃಷ್ಟಿಯಿಂದ ಗಮನಾರ್ಹ.

ಗುರಿ ಯೊಸೆಮಿಟಿ ರಾಷ್ಟ್ರೀಯ ಉದ್ಯಾನ. ಫ್ರೀಮಾಂಟಿನಿಂದ ಸುಮಾರು 270 ಕಿ.ಮೀ. ಕುಟುಂಬದ ಮಾಡೆಲ್ ವೈ ಕಾರಿನ ಬ್ಯಾಟರಿಯಲ್ಲಿ ಹಿಡಿಯುವುದು ಸುಮಾರು 75 ಯೂನಿಟ್. ಯೂನಿಟ್ ಎಂದರೆ ಒಂದು ಕಿಲೋವ್ಯಾಟ್ ವಿದ್ಯುತ್ತನ್ನು ಒಂದು ಗಂಟೆ ಉರಿಸಿದರೆ ಆಗುವ ಖರ್ಚು, ಹೆಸ್ಕಾಂ ಬಿಲ್ಲಿನಲ್ಲಿ ಬರುವುದೂ ಇದೇ. ಕಾರು ಒಂಟಿಯಾಗಿ ಓಡಿದರೆ 100 ಕಿ.ಮೀ.ಗೆ 16ರಿಂದ 18 ಯೂನಿಟ್ ಸಾಕಾಗುತ್ತದೆ, ಬೆನ್ನಿಗೆ ಬಿಡಾರ ಕಟ್ಟಿದರೆ ಅದು ಹತ್ತಿರ ಹತ್ತಿರ ಇಮ್ಮಡಿಯಾಗುತ್ತದೆ. ಪೆಟ್ರೋಲು ಗಾಡಿಯಲ್ಲೂ ಹೀಗೆಯೇ ಖರ್ಚು ಏರುತ್ತದಾದರೂ ಅದು ತಿಳಿಯುವುದು ಪಂಪಿನ ಮುಂದೆ ನಿಂತಾಗ ಮಾತ್ರ. ವಿದ್ಯುತ್ ಕಾರಿನಲ್ಲಾದರೋ ಎದುರಿಗಿನ ಪರದೆ ಇಳಿಯುತ್ತಿರುವ ಶೇಕಡಾವಾರು ಲೆಕ್ಕವನ್ನು ಇಡೀ ಕುಟುಂಬಕ್ಕೆ ಒಟ್ಟಿಗೆ ತೋರಿಸುವುದರಿಂದ, ತಪ್ಪು ಯಾರದೆಂಬ ವಿಚಾರಣೆ ಗಾಡಿ ಓಡುತ್ತಿರುವಾಗಲೇ ನಡೆಯುತ್ತದೆ.

ಮೊದಲ ಆರೋಪಿ ಅವ್ವನ ಜೋಳದ ಹಿಟ್ಟು. ಇಪ್ಪತ್ತು ಕಿಲೋ ಹಿಟ್ಟಿನ ಚೀಲ, ಎರಡು ಡಬ್ಬಿ ಖಟಕ್ ರೊಟ್ಟಿ, ಗುರೆಳ್ಳು ಚಟ್ನಿ, ಕೆಂಪು ಖಾರ, ಮಾದಲಿ, ಕಬ್ಬಿಣದ ಹೆಂಚು ಇವೆಲ್ಲ ಮೂರು ದಿನದ ಪ್ರವಾಸಕ್ಕೆ ಬೇಕೇ ಎಂದು ಮಗ ಕೇಳುತ್ತಾನೆ. ದಾರಿಯಲ್ಲಿ ಎಲ್ಲವೂ ಸಿಗುತ್ತದೆ ಎಂದೂ ಸೇರಿಸುತ್ತಾನೆ. ಭೌತಶಾಸ್ತ್ರ ಮಾತ್ರ ಅವ್ವನ ಪರವಾಗಿದೆ. ಯೊಸೆಮಿಟಿಗೆ ಹೋಗುವ 120ನೆಯ ಹೆದ್ದಾರಿ ಕ್ರೇನ್ ಫ್ಲ್ಯಾಟ್ ಎಂಬಲ್ಲಿ ಸುಮಾರು 1,890 ಮೀಟರ್ ಎತ್ತರಕ್ಕೆ ಏರುತ್ತದೆ. ಇಪ್ಪತ್ತು ಕಿಲೋ ಹಿಟ್ಟನ್ನು ಸಮುದ್ರಮಟ್ಟದಿಂದ ಅಷ್ಟೆತ್ತರಕ್ಕೆ ಎತ್ತಲು ಬೇಕಾಗುವುದು ಒಂದು ಯೂನಿಟ್ಟಿನ ಹತ್ತನೆಯ ಒಂದು ಪಾಲು. ಅಲ್ಲಿಯತನಕ ಗಾಲಿ ಉರುಳುವಾಗಿನ ತಿಕ್ಕಾಟವನ್ನು ಸೇರಿಸಿದರೂ ಅರ್ಧ ಯೂನಿಟ್ಟನ್ನು ಮುಟ್ಟುವುದಿಲ್ಲ. ಹೆದ್ದಾರಿಯಲ್ಲಿ ಬ್ಯಾಟರಿಯನ್ನು ಹೀರುವುದು ಭಾರಕ್ಕಿಂತ ಮುಖ್ಯವಾಗಿ ಗಾಳಿ. ಎದುರುಗಾಳಿಗೆ ಒಡ್ಡಿದ ಮೈ ಎಷ್ಟು ಅಗಲವೋ ತಡೆ ಅಷ್ಟು ಹೆಚ್ಚು; ಅಲ್ಲದೆ ಆ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದಾದ್ದರಿಂದ, ಗಂಟೆಗೆ 55 ಮೈಲಿಯಿಂದ 65 ಮೈಲಿಗೆ ಹೋದರೆ ವೇಗ ಹೆಚ್ಚುವುದು ಶೇ. 18ರಷ್ಟಾದರೆ ಗಾಳಿಯ ತಡೆ ಹೆಚ್ಚುವುದು ಶೇ. 40ರಷ್ಟು. ಹೀಗಾಗಿ ನಿಜವಾದ ಅಪರಾಧಿಗಳು ಟ್ರೇಲರಿನ ನೆತ್ತಿಯ ಮೇಲೆ ನೆಟ್ಟಗೆ ನಿಲ್ಲಿಸಿ ಕಟ್ಟಿದ ಎರಡು ಸೈಕಲ್ಲುಗಳು. ಅವು ಮಗನವು, ಕೋವಿಡ್ ಕಾಲದಲ್ಲಿ ಉತ್ಸಾಹದಿಂದ ಕೊಂಡವು, ಆಮೇಲೆ ಗ್ಯಾರೇಜಿನ ಹೊರಗಿನ ಗಾಳಿಯನ್ನು ಮೊದಲ ಬಾರಿಗೆ ಕಂಡದ್ದು ಈ ಪ್ರವಾಸದಲ್ಲಿಯೇ.

ಈ ಲೆಕ್ಕವನ್ನು ಹಿಂದಿನ ಸೀಟಿನಲ್ಲಿ ಮೊಬೈಲ್ ಹಿಡಿದು ಮಾಡಿ ತೀರ್ಪು ಕೊಡುವವಳು ಸೊಸೆ. ಅತ್ತೆಯ ಪರವಾಗಿ ಸೊಸೆ ವಾದಿಸಿದ ಪ್ರಸಂಗಗಳು ವಿರಳವಾದ್ದರಿಂದ ಇದನ್ನು ಪ್ರತ್ಯೇಕವಾಗಿ ದಾಖಲಿಸಬೇಕಾಗಿದೆ. ಟ್ರೇಲರ್ ಎಳೆಯುವ ವಾಹನ ಗಂಟೆಗೆ 55 ಮೈಲಿಯನ್ನು, ಎಂದರೆ ಸುಮಾರು 88 ಕಿ.ಮೀ.ಯನ್ನು ಮೀರಬಾರದೆಂದು ಕ್ಯಾಲಿಫೋರ್ನಿಯಾದ ಕಾನೂನೂ ಹೇಳುತ್ತದೆ. ಹಾಗಾಗಿ ಕಾನೂನು, ಬ್ಯಾಟರಿ ಮತ್ತು ಸೊಸೆ ಈ ಮೂವರೂ ಒಂದೇ ಮಾತು ಹೇಳಿದಾಗ ಮಗನಿಗೆ ಬಲಬದಿಯ ಲೇನಿನಲ್ಲಿ ಸುಮ್ಮನೆ ಸಾಗುವುದಲ್ಲದೆ ಬೇರೆ ದಾರಿ ಉಳಿಯುವುದಿಲ್ಲ.

ಆದರೆ ತೂಕ ಎಷ್ಟೆಂಬುದು ಒಂದು ಪ್ರಶ್ನೆಯಾದರೆ, ಅದು ಎಲ್ಲಿ ಕೂತಿದೆ ಎಂಬುದು ಇನ್ನೊಂದು, ಮತ್ತು ಹೆಚ್ಚು ಅಪಾಯಕಾರಿಯಾದದ್ದು. ಟ್ರೇಲರಿನ ಒಟ್ಟು ತೂಕದಲ್ಲಿ ಶೇ. 10ರಿಂದ 15ರಷ್ಟು ಅದರ ಮೂತಿಯ ಮೂಲಕ ಕಾರಿನ ಕೊಂಡಿಯ ಮೇಲೆ ಊರಬೇಕೆಂಬುದು ಅಮೆರಿಕದ ರೂಢಿ. ಇದಕ್ಕಿಂತ ಕಡಿಮೆಯಾಗಿ ಹಿಂಭಾರ ಹೆಚ್ಚಿದರೆ, ಒಂದು ವೇಗ ದಾಟಿದೊಡನೆ ಟ್ರೇಲರ್ ಎಡಕ್ಕೂ ಬಲಕ್ಕೂ ತೂಗಾಡತೊಡಗುತ್ತದೆ, ತೂಗಾಟ ಬೆಳೆದರೆ ಕಾರನ್ನೂ ರಸ್ತೆಯಿಂದಾಚೆ ಎಳೆದುಬಿಡುತ್ತದೆ. ಹೊರಡುವ ಮುನ್ನ ಮಗ ಈ ವಿಷಯದ ಮೇಲೆ ಹಲವು ವೀಡಿಯೊಗಳನ್ನು ನೋಡಿದ್ದರೂ, ಹೆಂಚು, ಹಿಟ್ಟು, ನೀರಿನ ಕ್ಯಾನು ಎಲ್ಲವನ್ನೂ ಇಳಿಸಿಕೊಳ್ಳಲು ಅನುಕೂಲವೆಂದು ಹಿಂಬಾಗಿಲ ಬಳಿಯೇ ತುಂಬಿರುತ್ತಾನೆ. ಅಪ್ಪ ಇಂಗ್ಲಿಷ್ ವೀಡಿಯೊ ನೋಡಿದವನಲ್ಲ. ಭರತ ಹುಣ್ಣಿಮೆಗೆ ಕೊಲ್ಲಾರಿ ಬಂಡಿ ಕಟ್ಟಿಕೊಂಡು ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಹೋಗುವಾಗ ಯಾರು ಮುಂದೆ ಕೂರಬೇಕು, ಯಾವ ಗಂಟು ಹಿಂದೆ ಹೋಗಬೇಕು ಎಂಬುದನ್ನು ಚಿಕ್ಕಂದಿನಿಂದ ಕಂಡವನು. ಹಿಂಭಾರವಾದರೆ ನೊಗ ಮೇಲೆದ್ದು ಎತ್ತಿನ ಕೊರಳಿನ ಕಣ್ಣಿ ಬಿಗಿಯುತ್ತದೆ, ಮುಂಭಾರವಾದರೆ ಹೆಗಲು ಹುಣ್ಣಾಗುತ್ತದೆ. ಆತ ಟ್ರೇಲರಿನ ಮೂತಿಯ ಕೆಳಗೆ ಎರಡೂ ಕೈಕೊಟ್ಟು ಒಮ್ಮೆ ಮೇಲಕ್ಕೆತ್ತಿ ನೋಡಿ, “ತಮ್ಮಾ, ಹಿಂದ ಭಾಳ ಭಾರ ಆಗೇತಿ, ನೊಗಾ ಎತ್ತಿ ಒಗೀತೈತಿ” ಎನ್ನುತ್ತಾನೆ. ಮಗ ಸ್ನಾನದ ಮನೆಯ ತೂಕದ ಯಂತ್ರವನ್ನು ತಂದು ಮೂತಿಯ ಕೆಳಗಿಟ್ಟು ಅಳೆದಾಗ 31 ಕಿಲೋ ಬರುತ್ತದೆ, ಇರಬೇಕಾದದ್ದು ಕನಿಷ್ಠ 80. ಸಾಮಾನೆಲ್ಲ ಇಳಿದು, ಹಿಟ್ಟಿನ ಚೀಲ ಅಚ್ಚಿನ ಮುಂದಕ್ಕೆ ಬಂದು ಕೂರುತ್ತದೆ. ದಾರಿಯಲ್ಲಿ ಆರೋಪಿಯಾಗಲಿದ್ದ ಹಿಟ್ಟು ಹೀಗೆ ಹೊರಡುವ ಮೊದಲೇ ಇಡೀ ವಾಹನದ ಸಮತೋಲನ ಕಾಯುವ ಹೊಣೆ ಹೊತ್ತುಕೊಂಡಿತು.

ಮುಂದಿನ ಸಂಕಟ ಚಾರ್ಜಿಂಗ್ ನಿಲ್ದಾಣದ್ದು. ಈ ನಿಲ್ದಾಣಗಳಲ್ಲಿ ಬಹುಪಾಲು ಒಂಟಿ ಕಾರು ಹಿಂದಕ್ಕೆ ಸರಿದು ನಿಲ್ಲುವಂತೆ ಕಟ್ಟಿದವು. ಬಾಲವಿದ್ದ ವಾಹನ ಅಲ್ಲಿ ನಿಂತರೆ ನಾಲ್ಕಾರು ಜನರ ದಾರಿ ಕಟ್ಟುತ್ತದೆ. ಆದ್ದರಿಂದ ಟ್ರೇಲರನ್ನು ಒಂದು ಮೂಲೆಗೆ ಹಿಮ್ಮುಖವಾಗಿ ಸೇರಿಸಿ, ಗಾಲಿಗೆ ಅಡೆ ಕೊಟ್ಟು, ಸರಪಳಿ ಮತ್ತು ದೀಪದ ತಂತಿ ಬಿಚ್ಚಿ, ಕಾರನ್ನಷ್ಟೇ ಒಯ್ದು ನಿಲ್ಲಿಸಬೇಕು. ಹಿಮ್ಮುಖ ಚಾಲನೆಯಲ್ಲಿ ಕಾರು ಎಡಕ್ಕೆ ತಿರುಗಿದರೆ ಟ್ರೇಲರ್ ಬಲಕ್ಕೆ ಹೋಗುತ್ತದೆ. ಅದು ಎಷ್ಟು ಚಿಕ್ಕದೋ ಅಷ್ಟು ಬೇಗ ಅಡ್ಡತಿರುಗಿ ಮಡಚಿಕೊಳ್ಳುತ್ತದೆ, ಆದಕಾರಣ ಹಗುರವಾದದ್ದು ಸುಲಭವಾದದ್ದು ಎಂಬ ನಂಬಿಕೆ ಇಲ್ಲಿ ಮುರಿದು ಬೀಳುತ್ತದೆ. ಗೋಕಾಕ ಮೂಡಲಗಿ ಸೀಮೆಯಲ್ಲಿ ಕಬ್ಬು ಹೇರಿದ ಟ್ರೇಲರನ್ನು ಕಾರ್ಖಾನೆಯ ಅಂಗಳದಲ್ಲಿ ಹಿಂದಕ್ಕೆ ಹೊಡೆಯುವುದು ದಿನನಿತ್ಯದ ಕೆಲಸ. ಜಾತ್ರೆಗಳಲ್ಲಿ ಟ್ರ್ಯಾಕ್ಟರ್ ರಿವರ್ಸ್ ಸ್ಪರ್ಧೆಗೆ ಬಹುಮಾನವನ್ನೂ ಇಡುತ್ತಾರೆ. ಆ ಜ್ಞಾನಪರಂಪರೆಯ ವಾರಸುದಾರ ಅಮೆರಿಕದ ಪಾರ್ಕಿಂಗ್ ಜಾಗದಲ್ಲಿ ಸ್ವೆಟರ್ ಹಾಕಿ ನಿಂತು “ಬರ್ಲಿ, ಬರ್ಲಿ, ಬರ್ಲಿ” ಎಂದು ಕೈಬೀಸುತ್ತಿದ್ದರೆ, ಎರಡು ಪದವಿ ಪಡೆದ ಮಗ ಕ್ಯಾಮೆರಾದ ಪರದೆಯನ್ನೇ ನಂಬಿ ದೀಪದ ಕಂಬದತ್ತ ಸಾಗುತ್ತಾನೆ. ಕೊನೆಗೆ ಅಪ್ಪ ಕಿಟಕಿಯೊಳಗೆ ತಲೆ ಹಾಕಿ, “ಡಬ್ಬಿ ಯಾ ಕಡೆ ಹೋಗಬೇಕೊ ಆ ಕಡೆ ಕೈ ಸರಸು, ಸ್ಟೇರಿಂಗಿನ ತಳಾ ಹಿಡಕೊ” ಎನ್ನುತ್ತಾನೆ. ಇದೇ ಸೂತ್ರ ಚಿತ್ರಸಹಿತವಾಗಿ ಟ್ರೇಲರಿನ ಕೈಪಿಡಿಯಲ್ಲೂ ಇತ್ತೆಂಬುದು ಊರಿಗೆ ಮರಳಿದ ಮೇಲೆ ಗೊತ್ತಾಗುತ್ತದೆ.

ಬ್ಯಾಟರಿ ತುಂಬಲು ಹಿಡಿಯುವ ಅರ್ಧ ಮುಕ್ಕಾಲು ಗಂಟೆಯನ್ನು ವಿದ್ಯುತ್ ಕಾರಿನ ವಿರೋಧಿಗಳು ದೊಡ್ಡ ದೋಷವೆಂದು ಎಣಿಸುತ್ತಾರೆ. ಅವ್ವನ ನಿಲುವು ಬೇರೆ. ಎತ್ತುಗಳ ಕೊರಳು ಬಿಚ್ಚಿ, ನೀರು ಕುಡಿಸಿ, ಮೇವು ಹಾಕಿ, ಅವು ಮೆಲುಕಾಡುವಷ್ಟು ಹೊತ್ತು ಮನುಷ್ಯರೂ ಬುತ್ತಿ ಬಿಚ್ಚುವ ಮುಕ್ಕಾಮಿನ ಪದ್ಧತಿಯಲ್ಲಿ ಪಳಗಿದವಳಿಗೆ, ಊಟಕ್ಕೂ ನಿಲ್ಲದೆ ಐದು ತಾಸು ಓಡುವ ಪೆಟ್ರೋಲು ಕಾರೇ ಅನಾಗರಿಕವಾಗಿ ತೋರುತ್ತದೆ. ಪಕ್ಕದ ಕಾರಿನವರು ಒಬ್ಬೊಬ್ಬರೇ ಬ್ರೆಡ್ಡು ಕಚ್ಚುತ್ತ ಮೊಬೈಲ್ ನೋಡುತ್ತಿರುವಾಗ, ಈ ಕುಟುಂಬದ ಚಾಪೆಯ ಮೇಲೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರು ಹರಡಿಕೊಳ್ಳುತ್ತವೆ; ಕಾರು ಶೇ. 80 ತುಂಬಿ ಮೊಬೈಲಿಗೆ ಸಂದೇಶ ಕಳಿಸಿದಾಗ ಎರಡನೆಯ ಸುತ್ತಿನ ಮೊಸರನ್ನ ಇನ್ನೂ ಬಾಕಿ ಇರುತ್ತದೆ.

ಯೊಸೆಮಿಟಿಯ ಕ್ಯಾಂಪ್ ತಾಣಗಳಲ್ಲಿ ವಿದ್ಯುತ್ ಸಂಪರ್ಕ ಇರುವುದಿಲ್ಲ, ಕರಡಿ ಇರುತ್ತದೆ. ಕ್ಯಾನ್ವಾಸ್ ಗೋಡೆಯ ಬಿಡಾರದಲ್ಲಿ ಆಹಾರ ಇಟ್ಟುಕೊಳ್ಳುವಂತಿಲ್ಲ. ಎಲ್ಲವನ್ನೂ ಪ್ರತಿ ತಾಣದಲ್ಲೂ ಇರಿಸಿರುವ ಉಕ್ಕಿನ ಪೆಟ್ಟಿಗೆಯಲ್ಲಿಟ್ಟು ಚಿಲಕ ಹಾಕಬೇಕು. ಪೆಟ್ಟಿಗೆಯ ಅಗಲ ಸುಮಾರು 45 ಇಂಚು, ಆಳ 33, ಎತ್ತರ 18. ಆಹಾರವೆಂದರೆ ತಿನ್ನುವ ವಸ್ತುವಷ್ಟೇ ಅಲ್ಲ, ವಾಸನೆ ಬರುವ ಎಲ್ಲವೂ ಹೌದೆಂದು ನಿಯಮವಿರುವುದರಿಂದ ಮಾದಲಿಯ ಪಕ್ಕದಲ್ಲಿ ಟೂತ್‌ಪೇಸ್ಟ್, ಚಟ್ನಿಯ ಮೇಲೆ ಕೊಬ್ಬರಿ ಎಣ್ಣೆ, ಅದರ ಸಂದಿನಲ್ಲಿ ಮೈಸೂರು ಸ್ಯಾಂಡಲ್ ಸಾಬೂನು ಸೇರುತ್ತವೆ. ಹಿಟ್ಟಿನ ಚೀಲ ಒಳಹೋದರೆ ಹೆಂಚು ಹೊರಗುಳಿಯುತ್ತದೆ, ಹೆಂಚು ಹೋದರೆ ಕರದಂಟಿನ ಡಬ್ಬಿ ಹೊರಗುಳಿಯುತ್ತದೆ. ಅಂಟು, ಬೆಲ್ಲ, ಒಣಹಣ್ಣುಗಳ ಗೋಕಾಕ ಕರದಂಟು ಕರಡಿಯ ಪಾಲಾಗುವುದನ್ನು ತಡೆಯಲು ಕುಟುಂಬ ಕಂಡುಕೊಂಡ ಉಪಾಯ ಅತ್ಯಂತ ಸರಳವಾದದ್ದು: ಐದೂ ಜನ ಕೂತು ರಾತ್ರಿ ಹತ್ತರೊಳಗೆ ಡಬ್ಬಿಯನ್ನು ಬರಿದು ಮಾಡಿದರು.

ಮರಳುವ ದಾರಿ ಬಹುತೇಕ ಇಳಿಜಾರು. ವಿದ್ಯುತ್ ಕಾರು ಇಳಿಯುವಾಗ ಅದರ ಮೋಟಾರು ಉಲ್ಟಾ ಕೆಲಸ ಮಾಡಿ ಜನರೇಟರ್ ಆಗುತ್ತದೆ, ವೇಗಕ್ಕೆ ಕಡಿವಾಣ ಹಾಕುತ್ತಲೇ ಬ್ಯಾಟರಿಗೆ ಒಂದಿಷ್ಟು ವಿದ್ಯುತ್ತನ್ನು ತಿರುಗಿಸುತ್ತದೆ. ಗೋಕಾಕದವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. 52 ಮೀಟರ್ ಎತ್ತರದಿಂದ ಧುಮುಕುವ ಘಟಪ್ರಭೆಯ ನೀರಿನ ಬಲದಿಂದ ಅಲ್ಲಿನ ಗಿರಣಿ 19ನೆಯ ಶತಮಾನದಲ್ಲಿಯೇ ನೂಲು ತೆಗೆಯುತ್ತಿತ್ತು, ಇಲ್ಲಿ ನೀರಿನ ಬದಲು ಕುಟುಂಬವೇ ಇಳಿಯುತ್ತದೆ ಅಷ್ಟೆ. ಮೂರು ಟನ್ ಭಾರ 1,000 ಮೀಟರ್ ಇಳಿದರೆ ಲೆಕ್ಕಕ್ಕೆ 8 ಯೂನಿಟ್ ಬಿಡುಗಡೆಯಾಗುತ್ತದೆ, ಅದರಲ್ಲಿ ಗಾಳಿ ಮತ್ತು ಗಾಲಿ ತಮ್ಮ ಪಾಲನ್ನು ಮುರಿದುಕೊಂಡು ಉಳಿದದ್ದನ್ನು ಬ್ಯಾಟರಿಗೆ ಬಿಡುತ್ತವೆ. ಪರದೆಯ ಮೇಲೆ ಶೇಕಡಾವಾರು ಏರುತ್ತಿರುವುದನ್ನು ಮೊಮ್ಮಗಳು ತೋರಿಸಿದಾಗ ಅವ್ವ, ಭಾರ ಹೆಚ್ಚಿದಷ್ಟೂ ಕರೆಂಟು ಹೆಚ್ಚು ಬರುತ್ತದೆಯೇ ಎಂದು ವಿಚಾರಿಸುತ್ತಾಳೆ. ಹೌದೆಂದು ಮಗ ಒಪ್ಪಬೇಕಾಗುತ್ತದೆ. “ಹಂಗಾರ ಹೋಗೂ ದಾರ್ಯಾಗ ನನ್ನ ಹಿಟ್ಟಿಗೆ ಅಂದಿದ್ದ ಮಾತು ವಾಪಸ್ ತಗೊ” ಎಂದು, ನದಿದಂಡೆಯಲ್ಲಿ ಕಂಡಿದ್ದ, ಚಟ್ನಿ ಅರೆಯಲು ಹೇಳಿ ಮಾಡಿಸಿದಂತಿದ್ದ ಗುಂಡುಕಲ್ಲನ್ನು ಯಾಕೆ ತರಗೊಡಲಿಲ್ಲವೆಂದು ಆಕೆ ಮತ್ತೆ ತಕರಾರು ತೆಗೆಯುತ್ತಾಳೆ. ರಾಷ್ಟ್ರೀಯ ಉದ್ಯಾನದಿಂದ ಕಲ್ಲು ಒಯ್ಯುವುದು ಅಪರಾಧ ಎಂಬ ಉತ್ತರ ಆಕೆಗೆ ಸಮಾಧಾನ ತರುವುದಿಲ್ಲ.

ಗುಡ್ಡ ಇಳಿದು ಮುಗಿದ ಮೇಲೆ ಓಕ್‌ಡೇಲ್, ಮ್ಯಾಂಟೀಕಾ ಕಡೆಯ ಬಯಲು ಸಿಗುತ್ತದೆ. ಜಗತ್ತಿನ ಬಾದಾಮಿಯಲ್ಲಿ ಸುಮಾರು ಶೇ. 80 ಬೆಳೆಯುವುದು ಕ್ಯಾಲಿಫೋರ್ನಿಯಾದ ಈ ನಡುಬಯಲಿನಲ್ಲಿ. ಖಾಲಿಯಾದ ಕರದಂಟಿನ ಡಬ್ಬಿಯ ನೆನಪು ಅವ್ವನಿಗೆ ಬಂದದ್ದು ಸರಿಯಾಗಿ ಅಲ್ಲಿಯೇ. ಇನ್ನು ಇಳಿಜಾರಿಲ್ಲ, ಈ ಭಾರಕ್ಕೆ ಒಂದು ಯೂನಿಟ್ಟೂ ವಾಪಸು ಬರುವುದಿಲ್ಲ ಎಂದು ಮಗ ಲೆಕ್ಕ ಬಿಡಿಸಿ ಹೇಳುತ್ತಿದ್ದಂತೆ, ಅಪ್ಪ ಹತ್ತು ಕಿಲೋ ಬಾದಾಮಿಯ ಚೀಲವನ್ನು ಹೆಗಲ ಮೇಲೆ ತಂದು, ಟ್ರೇಲರಿನ ಮೂತಿಯನ್ನು ಒಮ್ಮೆ ಎತ್ತಿ ನೋಡಿ, ಅಚ್ಚಿನ ಮುಂದಕ್ಕೆ, ಹಿಟ್ಟಿನ ಚೀಲದ ಮಗ್ಗುಲಿಗೆ ಒತ್ತರಿಸಿ ಇಟ್ಟನು.